ಐದು ತಿಂಗಳು ನಿಂತ ಕಾರಿನ ಮುಂದೆ ಕಿವಿ, ಮೀಟರು, ಸ್ಕ್ಯಾನರು

ಜೂನ್ ಮೊದಲ ವಾರ ಶೆಡ್ಡು ಸೇರಿದ ಕಾರನ್ನು ತುಳಸಿಮದುವೆ ಮುಗಿದ ಮೇಲೆ ಹೊರಗೆ ತೆಗೆಯಲು ಹೋದೆ. ಕೀ ತಿರುಗಿಸಿದರೆ ‘ಟಕ್ ಟಕ್ ಟಕ್’ ಅಂದಿತೇ ಹೊರತು ಇಂಜಿನ್ ಅಲುಗಲಿಲ್ಲ. ನಮ್ಮ ಮನೆ ಕುಮಟೆಯ ಹತ್ತಿರ, ಅಘನಾಶಿನಿ ಸಮುದ್ರ ಸೇರುವ ಕಡೆಗೆ. ಮಳೆಗಾಲವಿಡೀ ಉಪ್ಪು ಬೆರೆತ ತೇವದ ಗಾಳಿ. ಬೀಗದ ಕೈಗೇ ತುಕ್ಕು ಹಿಡಿಯುತ್ತದೆ, ಕಾರಿನ ಮಾತೇನು. ನಾನಿರುವುದು ಕೆಲಸದ ಊರಲ್ಲಿ, ಇಲ್ಲಿ ಆಯಿ (ತಾಯಿ) ಒಬ್ಬಳೇ. ಮರುವಾರ ಅವಳ ಕಣ್ಣಿನ ತಪಾಸಣೆಯಿತ್ತು. ಬಸ್ಸಿಗೆ ಕಾದು ನಿಲ್ಲುವಷ್ಟು ಬಲ ಅವಳ ಮೊಣಕಾಲಿಗಿಲ್ಲ. ಹಾಗಾಗಿ ಈ ಕಾರು ಹೊರಡಲೇಬೇಕಿತ್ತು.

2018ರ ಸಣ್ಣ ಪೆಟ್ರೋಲ್ ಕಾರು, 35 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಎಂಬುದರ ಅಳತೆ) ಬ್ಯಾಟರಿ. ಮೂರು ದಿನದಲ್ಲಿ ಮೂರು ದಾರಿ ಹಿಡಿದೆ. ಮೊದಲನೆಯದು ಮೆಕ್ಯಾನಿಕ್‌ಗಳ ಹಳೇ ದಾರಿ, ಕಿವಿ ಕೊಟ್ಟು ಕೇಳುವುದು, ಹೆಡ್‌ಲೈಟ್ ನೋಡುವುದು, ಬೇರೆ ಗಾಡಿಯಿಂದ ಕರೆಂಟು ಕೊಡುವುದು. ಎರಡನೆಯದು ವೋಲ್ಟು, ಕರೆಂಟು ಅಳೆಯುವ 400 ರೂಪಾಯಿಯ ಮಲ್ಟಿಮೀಟರ್. ಮೂರನೆಯದು ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸುವ ಓಬಿಡಿ ಸ್ಕ್ಯಾನರ್, ಕಾರಿನ ಕಂಪ್ಯೂಟರು ಬರೆದಿಟ್ಟ ದೋಷಗಳನ್ನು ಓದುವಂಥದ್ದು, 700 ರೂಪಾಯಿಯದು. ಕಾರೂ ಅದೇ, ತೊಂದರೆಯೂ ಅದೇ ಆಗಿದ್ದರಿಂದ ಯಾವುದು ಎಷ್ಟು ನಂಬಿಕಸ್ಥ ಎಂದು ಹೇಳಬಲ್ಲೆ.

ದೂಡಿ ಸ್ಟಾರ್ಟ್ ಮಾಡುವುದನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಅಂಗಳದ ಇಳಿಜಾರಿನಲ್ಲಿ ಎರಡು ಸಲ ದೂಡಿದೆವು, ಆಗಲಿಲ್ಲ. ಈಗಿನ ಕಾರಿನಲ್ಲಿ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟು ಬೇಕು, ಬ್ಯಾಟರಿ ಪೂರ್ತಿ ಮಲಗಿದ್ದರೆ ಎಷ್ಟು ದೂಡಿದರೂ ಪ್ರಯೋಜನವಿಲ್ಲ. ಉರಿಯದ ಪೆಟ್ರೋಲು ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳು ಮಾಡುವ ಭಯ ಬೇರೆ.

ಕಿವಿ ಮತ್ತು ಕೇಬಲ್

ಈ ದಾರಿಯ ಸೂತ್ರ ಸುಲಭ. ಹೆಡ್‌ಲೈಟ್ ಹಾಕಿ ಕೀ ತಿರುಗಿಸಬೇಕು. ಬೆಳಕು ಸತ್ತೇ ಹೋದರೆ ಬ್ಯಾಟರಿ ಖಾಲಿ, ಇಲ್ಲವೇ ಟರ್ಮಿನಲ್ ಸಡಿಲ. ಬೆಳಕು ಹಾಗೇ ಇದ್ದು ಇಂಜಿನ್ ತಿರುಗದಿದ್ದರೆ ಸ್ಟಾರ್ಟರ್ (ಇಂಜಿನ್ ತಿರುಗಿಸಿ ಹೊರಡಿಸುವ ಮೋಟಾರು) ಕಡೆಯ ತೊಂದರೆ. ಇಂಜಿನ್ ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಪೆಟ್ರೋಲೋ ಕಿಡಿಯೋ ಬರುತ್ತಿಲ್ಲ. ನಮ್ಮ ಕಾರಿನಲ್ಲಿ ಬೆಳಕು ಸತ್ತಿತು. ಪಕ್ಕದ ಮನೆಯ ಭಾವ ಪಿಕಪ್ ತಂದು ನಿಲ್ಲಿಸಿದರು. ಕೆಂಪು ಕ್ಲಿಪ್ ನಮ್ಮ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಅವರ ಪ್ಲಸ್ಸಿಗೆ, ಕಪ್ಪು ಅವರ ಮೈನಸ್ಸಿಗೆ, ಕೊನೆಯ ಕಪ್ಪು ನಮ್ಮ ಇಂಜಿನ್ನಿನ ಬರೀ ಲೋಹಕ್ಕೆ. ಈ ಕ್ರಮ ತಪ್ಪಬಾರದು. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಕಡೆಯ ಕಿಡಿ ಅದರ ಹತ್ತಿರ ಹಾರಬಾರದು.

ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದೆ. ಇಂಜಿನ್ ರಭಸದಿಂದ ತಿರುಗಿತು. ಆದರೆ ಹತ್ತಲಿಲ್ಲ.

“ಬ್ಯಾಟ್ರಿ ಹೋಜು ಅಪ್ಪಿ, ಹೊಸದೇ ತರಕು. ಪೆಟ್ರೋಲೂ ಹಾಳಾಜು” ಅಂದರು ಭಾವ. ಕಂಡದ್ದಕ್ಕೆ ಸರಿಯಾಗಿಯೇ ಇತ್ತು ಅವರ ಮಾತು. ಕೇಬಲ್ ಹಾಕಿದೊಡನೆ ತಿರುಗಿದೆ ಅಂದಮೇಲೆ ತಪ್ಪು ಬ್ಯಾಟರಿಯದೇ. ಹತ್ತುತ್ತಿಲ್ಲ ಅಂದಮೇಲೆ ಐದು ತಿಂಗಳ ಹಿಂದಿನ ಪೆಟ್ರೋಲಿನದೇ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿರುತ್ತದೆ, ಎಥೆನಾಲ್ ಗಾಳಿಯ ತೇವ ಹೀರುತ್ತದೆ ಎಂಬುದು ನನಗೂ ಗೊತ್ತಿತ್ತು. ಟ್ಯಾಂಕ್ ಖಾಲಿ ಮಾಡಿಸಲು ಹೊರಟೇಬಿಟ್ಟಿದ್ದೆ.

ಅವತ್ತು ನನ್ನನ್ನು ತಡೆದದ್ದು ಒಂದೇ ಯೋಚನೆ. ಕೇಬಲ್ ಹಾಕಿದರೆ ತಿರುಗುತ್ತದೆ ಎಂಬುದರಿಂದ ಬ್ಯಾಟರಿ ಖಾಲಿಯಾಗಿತ್ತು ಎಂದು ತಿಳಿಯಿತೇ ವಿನಾ, ಬ್ಯಾಟರಿ ಸತ್ತಿದೆ ಎಂದು ತಿಳಿಯಲಿಲ್ಲ. ಖಾಲಿಯಾದ ಕೊಡವೂ ಒಡೆದ ಕೊಡವೂ ಒಂದೇ ಅಲ್ಲವಲ್ಲ.

ಮೀಟರು

ಸಂಜೆ ಬ್ಯಾಟರಿ ಬಿಚ್ಚಿ ಜಗಲಿಯ ಮೇಲಿಟ್ಟು ಮೀಟರ್ ಹಿಡಿದೆ. 11.4 ವೋಲ್ಟ್. ತುಂಬಿದ ಬ್ಯಾಟರಿ ಸುಮ್ಮನೆ ಕೂತಾಗ 12.6ರಿಂದ 12.7 ತೋರಿಸಬೇಕು. 12.2 ಅಂದರೆ ಅರ್ಧ, 12ಕ್ಕೆ ಬಂದರೆ ಕಾಲು ಭಾಗ. 11.4 ಅಂದರೆ ತಳ ಕಂಡಿದೆ. ಕಿವಿ ಹೇಳಿದ್ದನ್ನೇ ಮೀಟರೂ ಹೇಳಿತು, ಆದರೆ ಅಂಕಿಯಲ್ಲಿ ಹೇಳಿತು. ರಾತ್ರಿಯಿಡೀ 3.5 ಆಂಪಿಯರ್‌ನಲ್ಲಿ ನಿಧಾನ ಚಾರ್ಜಿಗೆ ಹಾಕಿದೆ. ಬ್ಯಾಟರಿ ಎಷ್ಟು ಆಂಪಿಯರ್-ಅವರ್‌ನದೋ ಅದರ ಹತ್ತನೇ ಒಂದು ಪಾಲು ಎಂಬುದು ರೂಢಿಯ ಲೆಕ್ಕ. ನಡುವೆ ಎರಡು ಸಲ ಕರೆಂಟು ಹೋಯಿತು. ಬೆಳಿಗ್ಗೆ ಬಿಚ್ಚಿದೊಡನೆ ಅಳೆಯಲಿಲ್ಲ, ಚಾರ್ಜರ್ ತೆಗೆದ ತಕ್ಷಣದ ಅಂಕಿ ಸುಳ್ಳು ಹೇಳುತ್ತದೆ. ಮಧ್ಯಾಹ್ನದವರೆಗೆ ಬಿಟ್ಟು ನೋಡಿದರೆ 12.6. ಭಾವನ ಮೊದಲ ತೀರ್ಮಾನ ಅಲ್ಲಿಗೆ ಬಿತ್ತು.

ಬ್ಯಾಟರಿ ಕೂರಿಸಿ ಕೀ ತಿರುಗಿಸಿದೆ. ಇಂಜಿನ್ ‘ಊರ್… ಊರ್…’ ಎಂದು ಏದುಸಿರು ಬಿಡುತ್ತಾ ತಿರುಗಿತು. ನಿನ್ನೆ ಕೇಬಲ್ಲಿನಲ್ಲಿ ರಭಸದಿಂದ ತಿರುಗಿದ್ದು ಇವತ್ತು ತುಂಬಿದ ಬ್ಯಾಟರಿಯಲ್ಲಿ ಯಾಕೆ ತಿರುಗುತ್ತಿಲ್ಲ? ಕುಮಟೆಯಿಂದ ಒಬ್ಬ ಮೆಕ್ಯಾನಿಕ್‌ರನ್ನು ಕರೆಸಿದೆ. ಅವರು ಹೆಡ್‌ಲೈಟ್ ಹಾಕಿ ನೋಡಿದರು, ಬೆಳಕು ಅಷ್ಟೇನೂ ಕುಗ್ಗಲಿಲ್ಲ. “ಸ್ಟಾರ್ಟರ್ ಕಾರ್ಬನ್ ಸವದಿದೆ, ಬಿಚ್ಚಬೇಕು ಸರ್” ಅಂದರು. ಕಿವಿಯ ಸೂತ್ರದ ಪ್ರಕಾರ ಅದೂ ಸರಿ. ಒಂದು ದಿನ ಕೊಡಿ ಎಂದು ಕೇಳಿಕೊಂಡು ಕಳಿಸಿದೆ.

ಈಗ ಹೇಳುವುದೇ ಇಡೀ ಬರಹದ ತಿರುಳು, ಸ್ವಲ್ಪ ನಿಧಾನವಾಗಿ ಓದಿ.

ಸಣ್ಣ ಕಾರಿನ ಸ್ಟಾರ್ಟರ್ ಕೂಡ ಇಂಜಿನ್ ತಿರುಗಿಸುವಾಗ ನೂರು ಆಂಪಿಯರ್ ಆಸುಪಾಸು ಎಳೆಯುತ್ತದೆ. ಅಷ್ಟು ಕರೆಂಟು ಹೋಗುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ತುಕ್ಕಿದ್ದರೂ ಸಾಕು, ವೋಲ್ಟೇಜು ಅಲ್ಲೇ ಕರಗಿ ಹೋಗುತ್ತದೆ. ಒಂದು ಓಮ್‌ನ ಐವತ್ತನೇ ಒಂದು ಭಾಗ ತಡೆ ಬಂದರೆ ನೂರು ಆಂಪಿಯರಿಗೆ ಎರಡು ವೋಲ್ಟು ನಷ್ಟ. ಮೀಟರನ್ನು ಓಮ್‌ಗೆ ತಿರುಗಿಸಿ ಹಿಡಿದರೆ ಇದು ಸಿಗುವುದಿಲ್ಲ, ಅದರ ವೈರುಗಳ ತಡೆಯೇ ಇದಕ್ಕಿಂತ ಹೆಚ್ಚು. ‘ಬೀಪ್’ ಎಂದು ಕೂಗಿ ಎಲ್ಲ ಸರಿಯಿದೆ ಅನ್ನುತ್ತದೆ. ಕರೆಂಟು ಹರಿಯುತ್ತಿರುವಾಗಲೇ ಎಷ್ಟು ವೋಲ್ಟು ಕಳೆಯುತ್ತದೆ ಎಂದು ಅಳೆಯಬೇಕು.

ಆಯಿಯನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ, ಗೇರು ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಎಳೆದು. ಮೀಟರಿನ ಕೆಂಪು ಕಡ್ಡಿ ಇಂಜಿನ್ನಿನ ಲೋಹಕ್ಕೆ, ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ. ಕಂಬವನ್ನು ಕಚ್ಚಿ ಹಿಡಿದ ಕೇಬಲ್ಲಿನ ಕ್ಲಾಂಪಿಗಲ್ಲ, ನಡುವಿನ ಸೀಸದ ಕಂಬಕ್ಕೇ. “ಹೂಂ, ತಿರುಗ್ಸು ಆಯಿ” ಅಂದೆ. ಅವಳು ಮೂರು ಸೆಕೆಂಡು ತಿರುಗಿಸಿದಳು. ಮೀಟರಿನಲ್ಲಿ 1.9 ವೋಲ್ಟ್.

ಇಂಜಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ ಕರೆಂಟು ಮರಳುವ ದಾರಿಯೇ ಅರ್ಥಿಂಗ್. ಒಳ್ಳೇ ಅರ್ಥಿಂಗ್‌ನಲ್ಲಿ ಇದು 0.2 ದಾಟಬಾರದು. ಅಷ್ಟರಲ್ಲಿ ಬ್ಯಾಟರಿಯ ಎರಡು ಕಂಬಗಳ ನಡುವೆ ನೋಡಿದರೆ 11.1 ಇತ್ತು. ತಿರುಗುವಾಗ 9.6ಕ್ಕಿಂತ ಕೆಳಗೆ ಬೀಳದಿದ್ದರೆ ಬ್ಯಾಟರಿ ಗಟ್ಟಿ. ಆಮೇಲೆ ದಾರಿಯನ್ನು ತುಂಡುತುಂಡಾಗಿ ಅಳೆದೆ. ಕಂಬದಿಂದ ಕ್ಲಾಂಪಿಗೆ 0.05. ಕ್ಲಾಂಪಿನಿಂದ ಕೇಬಲ್ಲಿನ ಆ ತುದಿಗೆ 0.1. ಆ ತುದಿಯಿಂದ ಅದನ್ನು ಬೋಲ್ಟು ಹಾಕಿ ಬಿಗಿದ ಗೇರ್‌ಬಾಕ್ಸಿನ ಮೈಗೆ 1.7. ತೊಂದರೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿತ್ತು.

ಬೋಲ್ಟು ಬಿಚ್ಚಿದೆ. ಮೇಲಿನಿಂದ ಎಲ್ಲ ಸರಿಯಾಗಿಯೇ ಕಂಡಿತ್ತು. ಅಡಿಯಲ್ಲಿ, ಅಲ್ಯೂಮಿನಿಯಮ್ಮಿನ ಮೇಲೆ, ಸುಣ್ಣ ಬಳಿದಂತೆ ಬಿಳಿ ಪುಡಿ. ಬೇರೆ ಬೇರೆ ಲೋಹ ಒತ್ತಿ ಕೂತ ಜಾಗಕ್ಕೆ ಉಪ್ಪುನೀರಿನ ಪಸೆ ಸೇರಿದರೆ ಆಗುವುದು ಇದೇ. ಸ್ಯಾಂಡ್‌ಪೇಪರ್ ಹಿಡಿದು ಎರಡೂ ಕಡೆ ಹೊಳಪು ಬರುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. ಮತ್ತೆ ಅಳೆದರೆ 0.15. ಇಂಜಿನ್ ನಿನ್ನೆಯ ರಭಸದಲ್ಲೇ ತಿರುಗಿತು.

ಕೇಬಲ್ ನನಗೆ ಸುಳ್ಳು ಹೇಳಿದ್ದು ಯಾಕೆಂದು ಆಗ ಹೊಳೆಯಿತು. ಕಡೆಯ ಕಪ್ಪು ಕ್ಲಿಪ್ಪನ್ನು ಇಂಜಿನ್ನಿನ ಲೋಹಕ್ಕೆ ಹಾಕಿದ್ದೆವಲ್ಲ, ಕರೆಂಟು ಆ ಕೆಟ್ಟ ಬೋಲ್ಟನ್ನು ಬಳಸದೆ ನೇರ ಪಿಕಪ್ಪಿಗೆ ಮರಳುತ್ತಿತ್ತು. ಕೇಬಲ್ ಹಾಕುವ ಸರಿಯಾದ ಕ್ರಮವೇ ದೋಷವನ್ನು ಮರೆಮಾಡಿತ್ತು. ಅದನ್ನೇ ನೆಚ್ಚಿಕೊಂಡಿದ್ದರೆ ಹೊಸ ಬ್ಯಾಟರಿ ತಂದು, ಆಮೇಲೆ ಸ್ಟಾರ್ಟರ್ ಬಿಚ್ಚಿಸಿ, ಆಗಲೂ ಅದೇ ‘ಊರ್ ಊರ್’ ಕೇಳುತ್ತಾ ಕೂರಬೇಕಿತ್ತು. ಕರಾವಳಿಯಲ್ಲಿ ಕಾರು ಇಟ್ಟವರು ಬ್ಯಾಟರಿಗೆ ದುಡ್ಡು ಹಾಕುವ ಮೊದಲು ಈ ಒಂದು ಅಳತೆ ಮಾಡಿ ಎಂದು ಕೈಮುಗಿದು ಕೇಳುತ್ತೇನೆ.

ಸ್ಕ್ಯಾನರು

ಇದನ್ನು ಮೊದಲ ದಿನವೇ ಸಿಕ್ಕಿಸಿದ್ದೆ. ಕೇಬಲ್ಲಿನ ಕರೆಂಟಿನಲ್ಲಿ ಐದಾರು ಕೋಡು, ಅಂದರೆ ದೋಷದ ಸಂಕೇತ, ತೋರಿಸಿತು. ಪಿ0562, ಅಂದರೆ ವೋಲ್ಟೇಜು ಕಡಿಮೆ, ಅದರ ಜೊತೆ ಒಂದಕ್ಕೊಂದು ಸಂಬಂಧವಿಲ್ಲದ ಇನ್ನಷ್ಟು. ಬ್ಯಾಟರಿ ಸೋತಾಗ ಕಾರಿನ ಕಂಪ್ಯೂಟರು ಸಿಕ್ಕಸಿಕ್ಕದ್ದನ್ನೆಲ್ಲ ದೂರುತ್ತದೆ. ಆ ಪಟ್ಟಿ ಹಿಡಿದು ಅಂಗಡಿಗೆ ಹೋಗಿದ್ದರೆ ಮೂರು ಸೆನ್ಸರ್ ಕೊಳ್ಳುತ್ತಿದ್ದೆ. ಅವತ್ತಿನ ಮಟ್ಟಿಗೆ ಮೂರರಲ್ಲಿ ಇದೇ ಕೆಲಸಕ್ಕೆ ಬಾರದ್ದು.

ಮೂರನೇ ದಿನ ಲೆಕ್ಕ ತಿರುಗಿತು. ಬ್ಯಾಟರಿ ಸರಿ, ಅರ್ಥಿಂಗ್ ಸರಿ, ಇಂಜಿನ್ ತಿರುಗುತ್ತಿದೆ, ಹತ್ತುತ್ತಿಲ್ಲ. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆ ಕಿವಿ ಕೊಟ್ಟರೆ ಪಂಪು ಎರಡು ಸೆಕೆಂಡು ಗುಂಯ್‌ಗುಟ್ಟುವುದು ಕೇಳಿತು (ಕಿವಿಗೆ ಸಲ್ಲಬೇಕಾದ ಶ್ರೇಯಸ್ಸು ಇಲ್ಲಿ ಕಿವಿಗೇ). ಮುಂದೆ ಮೀಟರಿಗೂ ದಾರಿ ಕಾಣಲಿಲ್ಲ. ಹಳೇ ಕೋಡುಗಳನ್ನೆಲ್ಲ ಬರೆದಿಟ್ಟುಕೊಂಡು ಅಳಿಸಿ, ಮತ್ತೆ ತಿರುಗಿಸಿದೆ. ಈ ಸಲ ಒಂದೇ ಕೋಡು ಮರಳಿ ಬಂತು, ಪಿ0335, ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನದು. ಅದಕ್ಕಿಂತ ಗಟ್ಟಿ ಸಾಕ್ಷಿ ಲೈವ್ ಡೇಟಾದಲ್ಲಿ, ಅಂದರೆ ಆ ಕ್ಷಣದ ಅಂಕಿಗಳಲ್ಲಿತ್ತು. ಸ್ಟಾರ್ಟರ್ ತಿರುಗಿಸುವಾಗ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಇನ್ನೂರರ ಆಚೀಚೆ ತೋರಿಸಬೇಕು, ಇಲ್ಲಿ ಸೊನ್ನೆ. ಇಂಜಿನ್ ತಿರುಗುತ್ತಿದೆ ಎಂದೇ ಕಂಪ್ಯೂಟರಿಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಕಿಡಿಯೂ ಕೊಡುವುದಿಲ್ಲ, ಪೆಟ್ರೋಲೂ ಚಿಮ್ಮಿಸುವುದಿಲ್ಲ.

ಕೋಡು ಸೆನ್ಸರಿನ ಹೆಸರು ಹೇಳಿತು ಎಂದು ಸೆನ್ಸರೇ ಕೆಟ್ಟಿದೆ ಎಂದಲ್ಲ, ಆ ದಾರಿಯಲ್ಲಿ ನೋಡು ಎಂದಷ್ಟೇ. ಟಾರ್ಚ್ ಹಿಡಿದು ವೈರಿನ ಗುಂಟ ಹೋದೆ. ಗೇರ್‌ಬಾಕ್ಸಿನ ಹಿಂದೆ, ಬೋಲ್ಟು ಬಿಚ್ಚುವಾಗ ಕಣ್ಣಿಗೆ ಬೀಳದ ಮೂಲೆಯಲ್ಲಿ, ಅಡಿಕೆ ಸಿಪ್ಪೆ ಮತ್ತು ತೆಂಗಿನ ನಾರಿನ ಗೂಡು. ಅದಕ್ಕೆ ತಾಗಿ ಎರಡು ವೈರು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತುಂಡು. ಇಲಿಯ ಕೆಲಸ. ಕೈಗೆ ಗ್ಲೌಸ್ ಹಾಕಿ ಗೂಡು ತೆಗೆದೆ. ಇಲಿಯ ಮೂತ್ರದಿಂದ ಇಲಿಜ್ವರ ಬರುತ್ತದೆ, ಕೈಯಲ್ಲಿ ಗಾಯವಿದ್ದರಂತೂ ಬರಿಗೈ ಹಾಕಲೇಬಾರದು. ಕುಮಟೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದು ವೈರು ಬೆಸೆದು ಸ್ಲೀವ್ ಹಾಕಿ ಕೊಟ್ಟರು. ಮೊದಲ ತಿರುವಿಗೇ ಇಂಜಿನ್ ಹತ್ತಿತು. ಮೀಟರಿನಲ್ಲಿ 14.1, ಚಾರ್ಜಿಂಗೂ ಸರಿಯಿದೆ. ಹಾಳಾಗಿದೆ ಎಂದುಕೊಂಡಿದ್ದ ಪೆಟ್ರೋಲು ಅದೇ ಟ್ಯಾಂಕಿನಲ್ಲಿತ್ತು, ಮೇಲೆ ಎಂಟು ಲೀಟರ್ ಹೊಸದು ಹಾಕಿಸಿ ಓಡಿಸಿದೆ.

ಯಾವುದನ್ನು ಕೊಳ್ಳಬೇಕು

ದುಡ್ಡು ಒಂದಕ್ಕೇ ಇದ್ದರೆ ಮೀಟರ್. ಅನುಮಾನವೇ ಇಲ್ಲ. ಬ್ಯಾಟರಿ, ಸ್ಟಾರ್ಟರ್ ಎರಡನ್ನೂ ಸುಮ್ಮನೆ ಬದಲಿಸುವುದನ್ನು ಅದು ತಪ್ಪಿಸಿತು. ಸ್ಕ್ಯಾನರ್ ಆಮೇಲೆ, ಅದೂ ಬ್ಯಾಟರಿ 12.4ಕ್ಕಿಂತ ಮೇಲಿದ್ದಾಗ ಮಾತ್ರ ಅದರ ಮಾತು ಕೇಳಿ. ಜಂಪ್ ಕೇಬಲ್ ರಾತ್ರಿ ಹೊತ್ತು ಆಸ್ಪತ್ರೆಗೆ ಓಡಬೇಕಾದಾಗ ಬೇಕೇ ಬೇಕು, ದಪ್ಪ ತಾಮ್ರದ್ದು ತಗೊಳ್ಳಿ, ತೆಳ್ಳಗಿನದು ಬಿಸಿಯಾಗಿ ವಾಸನೆ ಬರುತ್ತದೆ. ಆದರೆ ಅದರಿಂದ ಕಾಯಿಲೆ ಪತ್ತೆ ಮಾಡಲು ಹೋಗಬೇಡಿ. ಕಿವಿಯನ್ನು ಬಿಡಬೇಕಿಲ್ಲ, ಯಾವ ಕಡೆ ಹುಡುಕಬೇಕು ಎಂದು ಹೇಳುವುದು ಅದೇ. ತೀರ್ಪು ಮಾತ್ರ ಅದಕ್ಕೆ ಬಿಡಬಾರದು.

ಕಡೆಗೆ ಒಂದನ್ನು ಅಳೆದೆ. ಎಲ್ಲ ಆರಿಸಿ, ಬಾಗಿಲು ಹಾಕಿ, ಲಾಕ್ ಮಾಡಿದ ಮೇಲೂ ಕಾರು ಎಷ್ಟು ಕರೆಂಟು ಕುಡಿಯುತ್ತದೆ ಎಂದು. ಮೈನಸ್ ಕ್ಲಾಂಪ್ ಬಿಚ್ಚಿ, ಮೀಟರನ್ನು 10 ಆಂಪಿಯರ್ ತೂತಿಗೆ ಹಾಕಿ ನಡುವೆ ಜೋಡಿಸಿದೆ. ಆ ಜೋಡಣೆಯಲ್ಲಿ ಮಾತ್ರ ಕೀ ತಿರುಗಿಸಬೇಡಿ, ಮೀಟರ್ ಸುಟ್ಟುಹೋಗುತ್ತದೆ. ಸುಮಾರು 30 ಮಿಲಿಆಂಪಿಯರ್ ಬಂತು. ಐವತ್ತರೊಳಗಿದ್ದರೆ ದೋಷವಿಲ್ಲ. ಆದರೂ ದಿನಕ್ಕೆ 0.7 ಆಂಪಿಯರ್-ಅವರ್ ಲೆಕ್ಕದಲ್ಲಿ 35ರ ಬ್ಯಾಟರಿ ಐವತ್ತು ದಿನಕ್ಕೆ ಬರಿದು. ನಾನು ಬಿಟ್ಟದ್ದು ನೂರೈವತ್ತು ದಿನ.

ಬರುವ ಮಳೆಗಾಲಕ್ಕೆ ಮೈನಸ್ ಬಿಚ್ಚಿಟ್ಟೇ ಹೋಗುವುದೆಂದು ಆಗಿದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಭಾವ ಪೇಟೆಯವರೆಗೆ ಓಡಿಸಿ ತರುತ್ತಾರೆ, ಭಾನುವಾರ ಬೆಳಿಗ್ಗೆ ಆಯಿ ಬಾನೆಟ್ ಎತ್ತಿಸಿಕೊಂಡು ಅಳೆಯುತ್ತಾಳೆ. ಎರಡು ಕಡ್ಡಿ ಎಲ್ಲಿಡಬೇಕೆಂದು ಕಂಬಗಳ ಪಕ್ಕ ಕೆಂಪು, ಕಪ್ಪು ಬಣ್ಣ ಹಚ್ಚಿಕೊಟ್ಟಿದ್ದೇನೆ. ಮೊನ್ನೆ ಫೋನಿನಲ್ಲಿ “ಹನ್ನೆರಡು ಪಾಯಿಂಟ್ ಐದು ಇದ್ದು” ಅಂದಳು.