ಮಳೆ ಬಂದರೆ, ಮೀಸೆ ಬಂದರೆ: ಇಂಗ್ಲಿಷ್ 'ಇಫ್' ಕಲಿಸುವ ಆ್ಯಪ್ ಜೊತೆ 19 ತಿಂಗಳು

ಮೊದಲೇ ಹೇಳಿಬಿಡುತ್ತೇನೆ, ಆ್ಯಪ್‌ನ ಹೆಸರು ಬರೆಯುವುದಿಲ್ಲ. ಹೊಗಳುವ ಮಾತೂ ಇದೆ, ಬೈಯುವ ಮಾತೂ ಇದೆ. ಹೆಸರು ಹಾಕಿದರೆ ಹೊಗಳಿದ್ದಕ್ಕೆ ಜಾಹೀರಾತು ಅಂತೀರಿ, ಬೈದದ್ದಕ್ಕೆ ಜಗಳ ಬರುತ್ತದೆ. ಇಂಗ್ಲಿಷ್ ವ್ಯಾಕರಣ ಕಲಿಸುವ ಆ್ಯಪ್‌ಗಳು ಪ್ಲೇ ಸ್ಟೋರ್‌ನಲ್ಲಿ ಬೇಕಾದಷ್ಟಿವೆ. ಎಲ್ಲದರ ಅಚ್ಚೂ ಹೆಚ್ಚು ಕಡಿಮೆ ಒಂದೇ. ಖಾಲಿ ಜಾಗ ತುಂಬಬೇಕು, ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ನಾನು ವರ್ಷಕ್ಕೆ 1,499 ರೂಪಾಯಿ ಕೊಟ್ಟು ತಗೊಂಡದ್ದು ಅದರೊಳಗಿನ ಕಂಡೀಷನಲ್ ಭಾಗಕ್ಕೋಸ್ಕರ. ಉಳಿದದ್ದನ್ನು ಅಷ್ಟಾಗಿ ಮುಟ್ಟಿಲ್ಲ, ಅದರ ಬಗ್ಗೆ ನನ್ನನ್ನು ಕೇಳಬೇಡಿ.

ಕಂಡೀಷನಲ್ ಅಂದರೆ 'ಹೀಗಾದರೆ ಹಾಗೆ' ಅನ್ನುವ ವಾಕ್ಯಗಳು. ಶಾಲೆಯಲ್ಲಿ ಕಲಿತು ಮರೆತ ಆ ಪಾಠಕ್ಕೆ ಈ ವಯಸ್ಸಿನಲ್ಲಿ ದುಡ್ಡು ಯಾಕೆ ಕೊಟ್ಟೆ ಅಂತ ಮನೆಯಲ್ಲೂ ಕೇಳಿದರು. ಕಾರಣ ಒಂದು ಇಮೇಲ್.

ನನ್ನ ಊರು ಕುಂದಾಪುರದ ಕಡೆ, ಈಗ ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಕೆಲಸ ಬಲ್ಲಾರ್ಡ್ ಎಸ್ಟೇಟ್‌ನ ಒಂದು ಫಾರ್ವರ್ಡಿಂಗ್ ಆಫೀಸಿನಲ್ಲಿ. ನ್ಹಾವಾ ಶೇವಾ ಬಂದರಿನಿಂದ ಹೊರದೇಶಕ್ಕೆ ಹೋಗುವ ಸರಕಿನ ಕಾಗದಪತ್ರ ಮಾಡುವುದು, ಗಿರಾಕಿಗಳಿಗೆ ಇಮೇಲ್ ಬರೆಯುವುದು. ಯೋಚಿಸಿ ನೋಡಿದರೆ ಈ ಕೆಲಸವೇ 'ರೆ' ಮೇಲೆ ನಿಂತಿದೆ. ಕಟ್-ಆಫ್ ಅನ್ನುವ ಗಡುವಿನ ಒಳಗೆ ಕಾಗದ ಬರದಿದ್ದರೆ ಕಂಟೇನರ್ ಶಟ್ ಔಟ್, ಅಂದರೆ ಆ ಹಡಗು ತಪ್ಪಿತು. ಸರಕು ಬಂದರಿನಲ್ಲೇ ಉಳಿದರೆ ಡೆಮರೇಜ್ ಅನ್ನುವ ದಂಡ. ಕಂಟೇನರ್ ತಡವಾಗಿ ವಾಪಸ್ ಕೊಟ್ಟರೆ ಡಿಟೆನ್ಷನ್ ಅನ್ನುವ ದಂಡ.

ಒಂದು ದಿನ ಹೊರದೇಶದ ಒಬ್ಬ ಗಿರಾಕಿಗೆ ಹೀಗೆ ಬರೆದೆ: 'ಇಫ್ ವಿ ಗಾಟ್ ದ ಕಂಟೇನರ್ ಆನ್ ಫ್ರೈಡೇ, ವಿ ವುಡ್ ಲೋಡ್ ಇಟ್ ಆನ್ ಸ್ಯಾಟರ್ಡೇ.' ನನ್ನ ತಲೆಯಲ್ಲಿ ಇದ್ದದ್ದು ಸೀದಾ ಮಾತು. ಶುಕ್ರವಾರ ಕಂಟೇನರ್ ಸಿಕ್ಕಿದರೆ ಶನಿವಾರ ಲೋಡ್ ಮಾಡುತ್ತೇವೆ, ಅಷ್ಟೇ. 'ವುಡ್' ಹಾಕಿದರೆ ಮರ್ಯಾದೆ ಜಾಸ್ತಿ ಅಂತ ಯಾರೋ ಹೇಳಿದ್ದರು, ಹಾಕಿದೆ. ಅವರು ಓದಿದ್ದು ಬೇರೆ. ಕಂಟೇನರ್ ಸಿಗುವ ಭರವಸೆ ಇವರಿಗೇ ಇಲ್ಲ, ಸಿಕ್ಕಿದ್ದರಲ್ವಾ ಲೋಡ್ ಮಾಡುವುದು, ಅಂತ. ಬಾಸ್‌ಗೆ ಕಾಪಿ ಹಾಕಿ 'ಏನಾದರೂ ತೊಂದರೆಯಾ' ಅಂತ ಕೇಳಿದರು. ನಾನು ಫೋನ್ ಮಾಡಿ ಸಮಜಾಯಿಷಿ ಕೊಡುವಷ್ಟರಲ್ಲಿ ಇನ್ನೊಬ್ಬ ಏಜೆಂಟರ ಹತ್ತಿರ ರೇಟ್ ತರಿಸಿಕೊಂಡಾಗಿತ್ತು. ಅವತ್ತು ಸಂಜೆ ಟ್ರೇನ್‌ನಲ್ಲೇ ಆ್ಯಪ್ ಹಾಕಿಕೊಂಡೆ.

ಮೊದಲ ಎರಡು ತಿಂಗಳು ಚೆನ್ನಾಗಿತ್ತು. ಡೊಂಬಿವಲಿಯಿಂದ ಆಫೀಸಿನ ಹತ್ತಿರದ ವಿಟಿ ಸ್ಟೇಷನ್‌ಗೆ (ಈಗಿನ ಸಿಎಸ್‌ಎಂಟಿ) ಫಾಸ್ಟ್ ಲೋಕಲ್‌ನಲ್ಲೂ ಒಂದು ಗಂಟೆಗೆ ಮೇಲೆ. ಮೂವರ ಸೀಟಿನಲ್ಲಿ ನಾಲ್ಕನೆಯವಳಾಗಿ ಅರ್ಧ ಕೂತು ಅರ್ಧ ನೇತಾಡುತ್ತಾ ಒಂದೇ ಕೈಯಲ್ಲಿ ಆಡಿಸಬಹುದು. ಅಕ್ಷರ ದೊಡ್ಡದು. ಪಾಠಗಳನ್ನು ಮನೆಯ ವೈಫೈಯಲ್ಲಿ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಹೋದರೂ ನಡೆಯುತ್ತದೆ. ಇದು ನಿಜಕ್ಕೂ ದೊಡ್ಡ ಉಪಕಾರ.

ಕ್ರಮ ಎಲ್ಲರಿಗೂ ಗೊತ್ತಿರುವುದೇ. ಝೀರೋ, ಫಸ್ಟ್, ಸೆಕೆಂಡ್, ಥರ್ಡ್. ಝೀರೋ ಅಂದರೆ ಯಾವಾಗಲೂ ಆಗುವ ಸಂಗತಿ, ಎರಡೂ ಕಡೆ ಪ್ರೆಸೆಂಟ್. ಫಸ್ಟ್ ಅಂದರೆ ಮುಂದೆ ಆಗಬಹುದಾದದ್ದು, 'ಇಫ್' ಪಕ್ಕ ಪ್ರೆಸೆಂಟ್, ಆಚೆ ಕಡೆ 'ವಿಲ್'. ಸೆಕೆಂಡ್ ಅಂದರೆ ಬರೀ ಕಲ್ಪನೆಯದು, 'ಇಫ್' ಪಕ್ಕ ಪಾಸ್ಟ್, ಆಚೆ ಕಡೆ 'ವುಡ್'. ಥರ್ಡ್ ಆಮೇಲೆ ಹೇಳುತ್ತೇನೆ. 'ಇಫ್ ಇಟ್ ವಿಲ್ ರೇನ್' ಅನ್ನುವ ತಪ್ಪನ್ನು ಆ್ಯಪ್ ನನ್ನಿಂದ ಹತ್ತೇ ದಿನದಲ್ಲಿ ಬಿಡಿಸಿತು. ಈ ತಪ್ಪು ನಮಗೆ ಕನ್ನಡದಿಂದ ಬಂದದ್ದಲ್ಲ ನೋಡಿ. ಕನ್ನಡದಲ್ಲಿ 'ಬರುತ್ತದರೆ' ಅಂತ ಯಾರಾದರೂ ಅಂತಾರಾ? ಇದು ಮುಂಬೈ ಹಿಂದಿಯಿಂದ ಅಂಟಿಕೊಂಡದ್ದು. 'ಅಗರ್ ಬಾರಿಶ್ ಹೋಗೀ ತೋ'. ಆ 'ತೋ' ಕೂಡ 'ದೆನ್' ಆಗಿ ನಮ್ಮ ಇಂಗ್ಲಿಷಿಗೆ ಬಂದು ಕೂತಿದೆ. ಆಫೀಸಿನಲ್ಲಿ ಎಲ್ಲರ ಇಮೇಲ್‌ನಲ್ಲೂ 'ಇಫ್... ದೆನ್' ಕಾಣುತ್ತದೆ. ತಪ್ಪೇನಲ್ಲ, ಆದರೆ ಬಹಳ ಸಲ ಬೇಕಾಗಿರುವುದಿಲ್ಲ.

ಮೂರನೇ ತಿಂಗಳು ಗಾಡಿ ನಿಂತಿತು. ಆ್ಯಪ್‌ನಲ್ಲಿ ನೂರಕ್ಕೆ ತೊಂಬತ್ತು ಸರಿ. ಇಮೇಲ್ ಬರೆಯಲು ಕೂತರೆ ಮತ್ತೆ ಅದೇ ಗೊಂದಲ. ಯಾಕೆ ಅಂದರೆ ಆ್ಯಪ್‌ನಲ್ಲಿ ಪಾಠದ ಮೇಲೇ 'ಸೆಕೆಂಡ್ ಕಂಡೀಷನಲ್' ಅಂತ ಬೋರ್ಡ್ ಇರುತ್ತದೆ. ಹತ್ತಕ್ಕೆ ಹತ್ತೂ ಅದೇ ಥರದ ಪ್ರಶ್ನೆ. ಕಣ್ಣು ಮುಚ್ಚಿ 'ವುಡ್' ಒತ್ತಿದರೂ ಹಸಿರು. ಈ ಮಾತಿಗೆ ಯಾವುದು ಬೇಕು ಅಂತ ಆರಿಸುವ ಕಷ್ಟವನ್ನು ಅದು ನಮಗೆ ಕೊಡುವುದೇ ಇಲ್ಲ. ಎಲ್ಲವನ್ನೂ ಬೆರೆಸಿದ ಟೆಸ್ಟ್ ಇದೆ, ಆದರೆ ಅಧ್ಯಾಯದ ಕೊನೆಗೆ ಒಂದೇ ಒಂದು, ಅದೂ ಇಪ್ಪತ್ತು ಪ್ರಶ್ನೆಗಳದ್ದು. ನನ್ನ ಲೆಕ್ಕದಲ್ಲಿ ಈ ಆ್ಯಪ್‌ನ ಅತಿ ದೊಡ್ಡ ಕೊರತೆ ಇದೇ.

ಬಿಡಿಸಿದ್ದು ನಮ್ಮ ಬಿಲ್ಡಿಂಗ್‌ನ ಮೂರನೇ ಮಹಡಿಯ ಟೀಚರ್. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿ ರಿಟೈರ್ ಆದವರು, ಉಡುಪಿ ಕಡೆಯವರು. ಒಂದು ಭಾನುವಾರ, ಮೆಗಾಬ್ಲಾಕ್ (ಹಳಿ ರಿಪೇರಿಗೆ ಟ್ರೇನ್ ನಿಲ್ಲಿಸುವುದು) ಅಂತ ಎಲ್ಲೂ ಹೋಗದೆ ಮನೆಯಲ್ಲಿದ್ದಾಗ, ನೀರ್ ದೋಸೆ ಕೊಡಲು ಹೋದವಳು ಮೊಬೈಲ್ ತೋರಿಸಿ ಗೋಳು ಹೇಳಿಕೊಂಡೆ. ಅವರು ಕನ್ನಡಕ ಏರಿಸಿ ನೋಡಿ, ಮೊಬೈಲ್ ಪಕ್ಕಕ್ಕಿಟ್ಟು ಕೇಳಿದರು:

'ಮಳೆ ಬಂದರೆ ಟ್ರೇನ್ ಲೇಟ್. ಚಿಕ್ಕಮ್ಮನಿಗೆ ಮೀಸೆ ಬಂದರೆ ಚಿಕ್ಕಪ್ಪ. ಎರಡರಲ್ಲೂ ಬಂದರೆ ಅಂತಲೇ ಉಂಟಲ್ಲ, ಎರಡೂ ಒಂದೆಯಾ?'

'ಅಲ್ಲ ಟೀಚರ್. ಮಳೆ ಬರ್ತದೆ. ಮೀಸೆ ಎಲ್ಲಿ ಬರ್ತದೆ?'

'ಅಷ್ಟೇ ಮಾರಾಯ್ತಿ. ಇಂಗ್ಲಿಷಿನವ ಆ ವ್ಯತ್ಯಾಸವನ್ನು ಕ್ರಿಯಾಪದದಲ್ಲೇ ತೋರಿಸ್ತಾನೆ. ನಾವು ತೋರಿಸುವುದಿಲ್ಲ, ಕೇಳಿದವರೇ ತಿಳ್ಕೊಳ್ತಾರೆ. ಮಳೆಗೆ ಕಮ್ಸ್, ವಿಲ್. ಮೀಸೆಗೆ ಹ್ಯಾಡ್, ವುಡ್.'

ಆಗ ನನ್ನ ಇಮೇಲಿನ ತಪ್ಪಿನ ಬೇರು ಕಂಡಿತು. ಕನ್ನಡದ 'ಬಂದರೆ' ಒಳಗೆ 'ಬಂದ' ಇದೆ, 'ಸಿಕ್ಕಿದರೆ' ಒಳಗೆ 'ಸಿಕ್ಕಿದ' ಇದೆ. ನೋಡಲು ಆಗಿಹೋದ ಕಾಲದ ರೂಪ. ನಾನು ಅದನ್ನು ಹಾಗೇ ಎತ್ತಿ 'ಗಾಟ್' ಅಂತ ಇಟ್ಟಿದ್ದೆ. ನಾವು ಮಳೆಗೂ ಮೀಸೆಗೂ ಅದೇ ರೂಪ ಬಳಸುತ್ತೇವೆ. ಇಂಗ್ಲಿಷಿನಲ್ಲಿ ಮುಂದಿನ ಮಾತಿಗೆ ಪಾಸ್ಟ್ ಹಾಕಿದರೆ ಅದು ಮೀಸೆಯ ಕಡೆಗೆ ಹೋಗುತ್ತದೆ. ಪಾಪ, ಆ ಗಿರಾಕಿಗೆ ನಾನು ಕಂಟೇನರ್‌ಗೆ ಮೀಸೆ ಬಂದರೆ ಅಂದ ಹಾಗಾಗಿತ್ತು!

ಅವತ್ತಿನಿಂದ ಒಂದು ನೋಟ್‌ಬುಕ್ ಮಾಡಿಕೊಂಡೆ. ಎಡಗಡೆ 'ಮಳೆ', ಬಲಗಡೆ 'ಮೀಸೆ'. ಟ್ರೇನ್‌ನಲ್ಲಿ ಕಿವಿಗೆ ಬಿದ್ದ ಕನ್ನಡ, ಮರಾಠಿ, ಹಿಂದಿ ಮಾತುಗಳಲ್ಲಿ 'ಹೀಗಾದರೆ ಹಾಗೆ' ಅನ್ನುವಂಥವನ್ನು ಅದರಲ್ಲಿ ಬರೆದು, ಕೆಳಗೆ ಇಂಗ್ಲಿಷ್. 'ನೀವು ಥಾಣೆಯಲ್ಲಿ ಇಳಿದರೆ ಸೀಟು ನನಗೆ' ಎಡಗಡೆ. 'ಲಾಟರಿ ಹೊಡೆದರೆ ದಾದರ್‌ನಲ್ಲಿ ಮನೆ' ಬಲಗಡೆ. ಕೆಲವಕ್ಕೆ ಎರಡೂ ಸರಿ. ಹೇಳುವವರ ಮನಸ್ಸಿನಲ್ಲಿ ಎಷ್ಟು ನಂಬಿಕೆ ಇದೆ ಅನ್ನುವುದರ ಮೇಲೆ ಹೋಗುತ್ತದೆ. ನನ್ನ ಮಗ 'ಫಸ್ಟ್ ಬಂದರೆ ಸೈಕಲ್ ಕೊಡಿಸ್ತೀಯಾ' ಅಂದದ್ದನ್ನು ಯಾವ ಕಡೆ ಬರೆಯಲಿ ಅಂತ ಯೋಚಿಸಿದ್ದಕ್ಕೆ ಅವನು ಎರಡು ದಿನ ಮಾತು ಬಿಟ್ಟ.

ಇನ್ನು ಥರ್ಡ್. ಇಲ್ಲಿ ಆ್ಯಪ್‌ಗೆ ಪೂರ್ತಿ ಮಾರ್ಕು ಕೊಡುತ್ತೇನೆ. ಆಗದೆ ಹೋದದ್ದರ ಮಾತು ಇದು. 'ಇಫ್ ಐ ಹ್ಯಾಡ್ ಲೆಫ್ಟ್ ಅರ್ಲಿ, ಐ ವುಡ್ ಹ್ಯಾವ್ ರೀಚ್ಡ್ ಹೋಮ್.' ನಮಗೆ ಅರ್ಧ ಸುಲಭ, ಅರ್ಧ ಗುಂಡಿ. 'ಹೊರಟಿದ್ದರೆ' ಅನ್ನುವುದು 'ಹ್ಯಾಡ್ ಲೆಫ್ಟ್'ಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂರುತ್ತದೆ. ಆದರೆ ಆಮೇಲೆ ಬರುವ 'ತಲುಪುತ್ತಿದ್ದೆ' ಇದೆಯಲ್ಲ, ಅದಕ್ಕೆ ನಮ್ಮಲ್ಲಿ ಎರಡು ಕೆಲಸ. 'ದಿನಾ ಏಳಕ್ಕೆ ತಲುಪುತ್ತಿದ್ದೆ' ಅಂದರೆ ನಿಜವಾಗಿ ತಲುಪಿದ್ದು. 'ಹೊರಟಿದ್ದರೆ ತಲುಪುತ್ತಿದ್ದೆ' ಅಂದರೆ ತಲುಪಲೇ ಇಲ್ಲ. ಅದಕ್ಕೇ ನಮ್ಮವರು 'ಐ ವಾಸ್ ರೀಚಿಂಗ್' ಅಂತ ಬರೆದುಬಿಡುವುದು. ಆ್ಯಪ್ ಈ ಒಂದು ಜಾಗವನ್ನು ಹಿಡಿದು ಹಿಡಿದು ತಿದ್ದಿಸಿತು.

ಈ ವಾಕ್ಯ ಮುಂಬೈಯವರಿಗೆ ಹೇಳಿಕೊಡಬೇಕಾಗಿಯೇ ಇಲ್ಲ. 2005ರ ಜುಲೈ 26ರ ಬಗ್ಗೆ ಯಾರನ್ನಾದರೂ ಕೇಳಿ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನದಲ್ಲಿ 944 ಮಿ.ಮೀ. ಮಳೆ. ಅವತ್ತು ಆಫೀಸಿಗೆ ಹೋದ ಪ್ರತಿಯೊಬ್ಬರ ಹತ್ತಿರವೂ ಒಂದು ಥರ್ಡ್ ಕಂಡೀಷನಲ್ ಇದೆ. ನಮ್ಮ ಯಜಮಾನರಿಗೆ ಆಗ ಕುರ್ಲಾದಲ್ಲಿ ಕೆಲಸ. ರಾತ್ರಿ ಆಫೀಸಿನ ಮೇಜಿನ ಮೇಲೆ ಮಲಗಿ, ಮರುದಿನ ಥಾಣೆವರೆಗೆ ಹಳಿಯ ಮೇಲೆ ನಡೆದವರು. 'ಒಂದು ಗಂಟೆಗೇ ಹೊರಟಿದ್ದರೆ' ಅಂತ ಇವತ್ತಿಗೂ ಶುರು ಮಾಡುತ್ತಾರೆ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿಸಿ ಹೇಳಿಸಿ ನಾನು ಅಭ್ಯಾಸ ಮಾಡಿದೆ. ಅವರಿಗೆ ಬೇಜಾರಾಗುವುದಿಲ್ಲ, ಕೇಳುವವರು ಸಿಕ್ಕರೆ ಸಾಕು.

ಬೈಯುವ ಪಾಳಿ ಈಗ. ಆ್ಯಪ್‌ಗೆ ಒಂದೇ ಉತ್ತರ ಗೊತ್ತು. 'ಇಫ್ ಯು ಫಿನಿಶ್ ಅರ್ಲಿ, ಯು ಕ್ಯಾನ್ ಗೋ' ಅಂತ ಹಾಕಿದರೆ ಕೆಂಪು, ಅದಕ್ಕೆ 'ವಿಲ್' ಬೇಕಂತೆ. 'ಕ್ಯಾನ್', 'ಮೇ', 'ಮೈಟ್' ಎಲ್ಲ ಧಾರಾಳವಾಗಿ ನಡೆಯುತ್ತವೆ. 'ಇಫ್' ಪಕ್ಕ 'ವಿಲ್' ಬರಲೇಬಾರದು ಅನ್ನುವುದೂ ಪೂರ್ತಿ ನಿಜ ಅಲ್ಲ. 'ಇಫ್ ಯು ವಿಲ್ ವೇಟ್ ಎ ಮಿನಿಟ್' ಅಂತ ವಿನಯದಿಂದ ಕೇಳುವುದಿದೆ. ಮಾತಾಡಿ ಉತ್ತರಿಸುವ ಸೌಲಭ್ಯ ಲೋಕಲ್‌ನ ಗದ್ದಲದಲ್ಲಿ ಉಪಯೋಗಕ್ಕಿಲ್ಲ ಬಿಡಿ, ಮನೆಯಲ್ಲೂ ನನ್ನ 'ವುಡ್ ಹ್ಯಾವ್' ಅದಕ್ಕೆ ಒಂದೊಂದು ಸಲ ಒಂದೊಂದು ಥರ ಕೇಳಿಸುತ್ತದೆ. ಒಂದು ಒಳ್ಳೆಯ ಪಾಠ ಮಾತ್ರ ಇಲ್ಲೇ ಸಿಕ್ಕಿತು. 'ಇಫ್ ಐಡ್ ನೋನ್, ಐಡ್ ಹ್ಯಾವ್ ಕಾಲ್ಡ್' ಅನ್ನುವಾಗ ಮೊದಲ 'ಐಡ್' ಒಳಗೆ ಇರುವುದು 'ಹ್ಯಾಡ್', ಎರಡನೆಯದರಲ್ಲಿ 'ವುಡ್'. ಕಿವಿಗೆ ಎರಡೂ ಒಂದೇ.

ಹತ್ತನೇ ತಿಂಗಳಲ್ಲಿ ಕನ್ನಡ ವಿವರಣೆ ಬಂತು ಅಂತ ಖುಷಿಪಟ್ಟೆ. ತೆರೆದು ನೋಡಿದರೆ ಎಲ್ಲಾ ವಾಕ್ಯಕ್ಕೂ 'ಒಂದು ವೇಳೆ'. 'ಒಂದು ವೇಳೆ ನೀವು ನೀರನ್ನು ಕಾಯಿಸಿದರೆ ಅದು ಕುದಿಯುತ್ತದೆ.' ಹೀಗೆ ಯಾರ ಮನೆಯಲ್ಲಿ ಮಾತಾಡುತ್ತಾರೆ? ವಾಪಸ್ ಇಂಗ್ಲಿಷಿಗೇ ಹೋದೆ.

'ಅನ್‌ಲೆಸ್' ಪಾಠ ಗಡಿಬಿಡಿಯಲ್ಲಿ ಮುಗಿಸಿದ್ದಾರೆ, ಐದೇ ಪ್ರಶ್ನೆ. 'ಅನ್‌ಲೆಸ್ ಯು ಡೋಂಟ್ ಪೇ' ಅಂತ ಬರೆಯುವವರು ನಮ್ಮ ಆಫೀಸಿನಲ್ಲೇ ನಾಲ್ಕು ಜನ ಇದ್ದಾರೆ. 'ಅನ್‌ಲೆಸ್' ಒಳಗೇ 'ಇಲ್ಲದಿದ್ದರೆ' ಇದೆ, ಮತ್ತೆ 'ಡೋಂಟ್' ಹಾಕಿದರೆ ದುಡ್ಡು ಕಟ್ಟಿದವನಿಗೇ ದಂಡ ಹಾಕಿದ ಹಾಗೆ. 'ಹ್ಯಾಡ್ ವಿ ರಿಸೀವ್ಡ್', 'ಶುಡ್ ಯು ರಿಕ್ವೈರ್' ಥರ 'ಇಫ್' ಬಿಟ್ಟು ಬರೆಯುವ ರೀತಿ ನಮ್ಮಂಥ ಆಫೀಸಿನವರಿಗೆ ದಿನಾ ಬೇಕಾದದ್ದು. ಅದನ್ನು ಕೊನೆಯ ಹಂತದಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ಕೆಳಗಿನದೆಲ್ಲ ಮುಗಿಸದೆ ಅದು ತೆರೆಯುವುದಿಲ್ಲ. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನಲ್ಲಿ 80 ರೂಪಾಯಿಗೆ ಸಿಕ್ಕಿದ ಹಳೆ ವ್ಯಾಕರಣ ಪುಸ್ತಕದಿಂದ ಕಲಿತಾಗಿತ್ತು.

ಒಂದು ವರ್ಷ ಆದ ಕೂಡಲೇ ತಾನಾಗಿ ಇನ್ನೊಂದು ವರ್ಷದ ದುಡ್ಡು ಕಟ್ ಆಯಿತು. ದೂರು ಕೊಟ್ಟರೆ, ಒಂದು ದಿನ ಮೊದಲೇ ಮೆಸೇಜ್ ಕಳಿಸಿದ್ದೆವು ಅಂದರು. ಹುಡುಕಿ ನೋಡಿದೆ, ಬಂದಿತ್ತು. ನೋಡಿದ್ದರೆ ನಿಲ್ಲಿಸುತ್ತಿದ್ದೆ. ದೂರಿನ ಇಮೇಲ್‌ನಲ್ಲಿ ಈ ವಾಕ್ಯವನ್ನು ತಪ್ಪಿಲ್ಲದೆ ಬರೆದದ್ದು ಅವರ ಪಾಠದಿಂದಲೇ. ದುಡ್ಡು ಮಾತ್ರ ವಾಪಸ್ ಬರಲಿಲ್ಲ.

ಹಾಗಾದರೆ ತಗೊಳ್ಳಬಹುದಾ? ರೂಪಗಳೇ ಬಾಯಿಗೆ ಬಾರದವರು, ದಿನಾ ಒಂದು ಗಂಟೆ ಟ್ರೇನ್‌ನಲ್ಲಿ ಕಳೆಯುವವರು ಒಂದು ವರ್ಷಕ್ಕೆ ತಗೊಳ್ಳಿ. ಆಟೋ-ಪೇ ಅವತ್ತೇ ಆಫ್ ಮಾಡಿ. ಜೊತೆಗೆ ಎರಡು ಕಾಲಮ್ಮಿನ ನೋಟ್‌ಬುಕ್ ಇರಲಿ. ರೂಪ ಗೊತ್ತಿದ್ದೂ ಯಾವುದು ಎಲ್ಲಿ ಅಂತ ತಡಕಾಡುವವರಿಗೆ ಇದು ಬೇಡ, ನೋಟ್‌ಬುಕ್ ಸಾಕು. ಪರೀಕ್ಷೆಗೆ ಓದುವ ಮಕ್ಕಳಿಗೆ ಪರವಾಗಿಲ್ಲ. ನನ್ನ ಮಗ ಎಂಟನೇ ಕ್ಲಾಸು, ನನ್ನ ಅಕೌಂಟಿನಲ್ಲೇ ಆಡಿ ಒಂದು ದಿನವೂ ತಪ್ಪದೆ ಆಡಿದ ಲೆಕ್ಕ, ಅಂದರೆ ನನ್ನ 212 ದಿನದ ಸ್ಟ್ರೀಕ್ ಉಳಿಸಿಕೊಟ್ಟಿದ್ದ. ನಾವು ದಸರಾಕ್ಕೆ ಊರಿಗೆ ಹೋದಾಗ ಅದೂ ಹೋಯಿತು.

ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ಮೊನ್ನೆ ಅದೇ ಗಿರಾಕಿಗೆ 'ಇಫ್ ವಿ ಗೆಟ್ ದ ಕಂಟೇನರ್ ಟುಮಾರೊ, ವಿ ವಿಲ್ ಲೋಡ್ ಇಟ್ ಆನ್ ಸ್ಯಾಟರ್ಡೇ' ಅಂತ ಕಳಿಸಿದೆ. 'ಓಕೆ' ಅಂತ ಒಂದೇ ಪದದ ಉತ್ತರ ಬಂತು. ಕಂಟೇನರ್ ಮಾತ್ರ ಸೋಮವಾರ ಸಿಕ್ಕಿತು.