ಮನೆಯಲ್ಲಿ ಇಬ್ಬರಿಗೆ ಶುಗರ್, ಅದರಲ್ಲೊಂದು ಬೆಕ್ಕು: ಯಾವುದು ನಡೀತು, ಯಾವುದು ನಡೀಲಿಲ್ಲ

ನಮ್ಮ ಮನೆಯಲ್ಲಿ ಇನ್ಸುಲಿನ್ ತಗೊಳ್ಳುವವರು ಇಬ್ಬರು. ಒಬ್ಬರು ಅಪ್ಪ, ಇನ್ನೊಬ್ಬ ಕೆಂಚ. ಕೆಂಚ ವಯಸ್ಸಾದ ಗಂಡು ಬೆಕ್ಕು, ಮರಿಯಾಗದ ಹಾಗೆ ಆಪರೇಷನ್ ಆದವನು, ಶುಗರ್ ಗೊತ್ತಾದಾಗ ಆರೂವರೆ ಕೆಜಿ ತೂಗುತ್ತಿದ್ದ. ಬೆಕ್ಕಿಗೆ ಈ ಕಾಯಿಲೆ ಬರೋದಕ್ಕೆ ಇಷ್ಟು ಧಾರಾಳ ಸಾಕು. ಲೋಟಗಟ್ಟಲೆ ನೀರು ಕುಡಿಯುತ್ತಿದ್ದ, ತಿಂದರೂ ಇಳಿಯುತ್ತಿದ್ದ, ಹಿಂಗಾಲನ್ನು ಹಿಮ್ಮಡಿತನಕ ನೆಲಕ್ಕೆ ಊರಿ ನಡೆಯುತ್ತಿದ್ದ. ಸಕ್ಕರೆ ಏರಿ ನರಕ್ಕೆ ಪೆಟ್ಟು ಬಿದ್ದರೆ ಬೆಕ್ಕುಗಳು ಹಾಗೆ ನಡೆಯುತ್ತವಂತೆ.

ಔಷಧಿ ಯಾವುದು, ಎಷ್ಟು ಯೂನಿಟ್ ಅನ್ನೋದನ್ನ ಡಾಕ್ಟರ್ ಹೇಳುತ್ತಾರೆ. ಅದರಲ್ಲಿ ನಮ್ಮ ಕೈವಾಡ ಕೂಡದು. ಆದರೆ ಯಾವುದರಲ್ಲಿ ಚುಚ್ಚೋದು, ಎಷ್ಟೊತ್ತಿಗೆ, ಮನೆಯಲ್ಲಿ ಸಕ್ಕರೆ ನೋಡೋದು ಹೇಗೆ, ಊರಿಗೆ ಹೋದರೆ ಯಾರು ನೋಡಿಕೊಳ್ತಾರೆ ಅನ್ನೋದು ಪೂರ್ತಿ ಮನೆಯವರ ತಲೆನೋವು. ಒಂದೊಂದಕ್ಕೂ ಎರಡು ಮೂರು ದಾರಿ ಇವೆ, ನಾನು ಹೆಚ್ಚುಕಮ್ಮಿ ಎಲ್ಲವನ್ನೂ ನೋಡಿದ್ದೇನೆ. ನನ್ನ ಅಳತೆಗೋಲು ಒಂದೇ: ದಾವಣಗೆರೆ ಮಂಡಿಪೇಟೆಯ ಅಂಗಡಿಯಲ್ಲಿ ಲೆಕ್ಕ ಬರೆದು ಸಾಕಾಗಿ ಮನೆಗೆ ಬಂದ ಮೇಲೂ ನನ್ನ ಕೈಲಿ ಆಗಬೇಕು.

ಮೊದಲು ಸಕ್ಕರೆ ನೋಡೋ ವಿಚಾರ. ಕ್ಲಿನಿಕ್ಕಿಗೆ ಒಯ್ದು ನೋಡಿಸೋದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆಟೋ, ಹಾರ್ನು, ಬಾಗಿಲಲ್ಲಿ ಬೊಗಳುವ ನಾಯಿ, ಇಷ್ಟಾದ ಮೇಲೆ ಸಿಗುವ ಅಂಕಿ ಹೆದರಿಕೆಯ ಅಂಕಿ. ಬೆಕ್ಕು ಗಾಬರಿಯಾದರೆ ಕಾಯಿಲೆ ಇಲ್ಲದಿದ್ದರೂ ಸಕ್ಕರೆ 300ರ ತನಕ ಹೋಗಬಹುದು. ಎರಡು ಮೂರು ವಾರದ ಒಟ್ಟು ಲೆಕ್ಕ ಬೇಕಾದರೆ ಫ್ರಕ್ಟೋಸಮೀನ್ ಅನ್ನೋ ರಕ್ತ ಪರೀಕ್ಷೆ ಇದೆ, ಅದಕ್ಕೆ ಗಾಬರಿಯ ಲೆಕ್ಕವಿಲ್ಲ. ಆದರೆ ಇವತ್ತು ಸಂಜೆ ಇಂಜೆಕ್ಷನ್ ಕೊಡಲೋ ಬೇಡವೋ ಅನ್ನೋದಕ್ಕೆ ಅದು ಉತ್ತರ ಕೊಡಲ್ಲ.

ಮನೆಯಲ್ಲೇ ನೋಡೋದಕ್ಕೆ ಮೂರು ದಾರಿ. ಮೂತ್ರದ ಪಟ್ಟಿ ಎಲ್ಲಕ್ಕಿಂತ ಅಗ್ಗ. ಕೆಂಚ ಮರಳಿನ ಟ್ರೇಯಲ್ಲಿ ಕೂತಾಗ ಹಿಂದಿನಿಂದ ಹಳೇ ಸೌಟು ಹಿಡಿಯೋದು, ಅದರಲ್ಲಿ ಪಟ್ಟಿ ಅದ್ದೋದು. ಸೌಟು ಕಂಡ ಕೂಡಲೇ ಎದ್ದು ಹೋಗೋದನ್ನ ಅವನು ಬೇಗ ಕಲಿತ. ಅದಿರಲಿ, ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಮಾರು 250 ದಾಟಿದ ಮೇಲಷ್ಟೇ ಮೂತ್ರಕ್ಕೆ ಇಳಿಯುತ್ತದೆ. ಪಟ್ಟಿಯಲ್ಲಿ ಸಕ್ಕರೆ ಕಾಣಲಿಲ್ಲ ಅಂದರೆ 200 ಇರಬಹುದು, 50ಕ್ಕೆ ಬಿದ್ದೂ ಇರಬಹುದು. ಜೀವ ತೆಗೆಯೋದು ಈ 50. ಹಾಗಾಗಿ ಸಕ್ಕರೆಗೆ ಪಟ್ಟಿ ನಂಬಲ್ಲ, ಕೀಟೋನ್‌ಗೆ ಮಾತ್ರ ಇಟ್ಟುಕೊಂಡಿದ್ದೇನೆ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನೇ ಉರಿಸತೊಡಗಿದಾಗ ಹುಟ್ಟೋದು ಈ ಕೀಟೋನ್. ಮಂಕಾಗಿ ಊಟ ಬಿಟ್ಟು, ಪಟ್ಟಿಯಲ್ಲಿ ಕೀಟೋನ್ ಬಂತೆಂದರೆ ಬೆಳಗಾಗಲಿ ಅಂತ ಕಾಯೋ ಹಾಗಿಲ್ಲ.

ಮನುಷ್ಯರ ತೋಳಿಗೆ ಅಂಟಿಸುವ ಸೆನ್ಸರನ್ನು ಬೆಕ್ಕಿನ ಬೆನ್ನಿಗೂ ಹಾಕುತ್ತಾರೆ. ಕೂದಲು ಬೋಳಿಸಿ, ಅಂಟು ಹಾಕಿ ಕೂರಿಸಿದರೆ ಮೊಬೈಲ್ ಹಿಡಿದಾಗೆಲ್ಲ ಅಂಕಿ. ಚುಚ್ಚೋ ಗೋಜಿಲ್ಲ, ರಾತ್ರಿ ಮೂರು ಗಂಟೆಗೆ ಎಷ್ಟಿತ್ತು ಅನ್ನೋದೂ ಗ್ರಾಫಿನಲ್ಲಿ ಕಾಣುತ್ತದೆ. ಇಂಜೆಕ್ಷನ್ ಆದ ಎಷ್ಟು ಹೊತ್ತಿಗೆ ಸಕ್ಕರೆ ಅತಿ ಕೆಳಗೆ ಇಳಿಯುತ್ತದೆ ಅನ್ನೋದು ನನಗೆ ಗೊತ್ತಾದದ್ದೇ ಇದರಿಂದ. ಆದರೆ ಹದಿನಾಲ್ಕು ದಿನ ಇರಬೇಕಾದದ್ದು ಕೆಂಚನ ಮೈಮೇಲೆ ಅಷ್ಟು ಬಾಳಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನುಜ್ಜಿ ಕಿತ್ತು ಹಾಕಿದ. ಸಾವಿರಗಟ್ಟಲೆ ಕೊಟ್ಟ ವಸ್ತು ಮಂಚದ ಕೆಳಗೆ ಬಿದ್ದಿತ್ತು. ಅದೂ ಅಲ್ಲದೆ, ಅದು ನೋಡೋದು ಚರ್ಮದಡಿಯ ದ್ರವದ ಸಕ್ಕರೆಯನ್ನು, ಹಾಗಾಗಿ ರಕ್ತದಲ್ಲಿ ಸರ‍್ರನೆ ಇಳಿದಾಗ ಸ್ವಲ್ಪ ತಡವಾಗಿ ಹೇಳುತ್ತದೆ. ಹೊಸದಾಗಿ ಡೋಸ್ ಹೊಂದಿಸುವಾಗ ಒಮ್ಮೆ ಹಾಕಿಸಿ, ದುಡ್ಡು ದಂಡವಾಗಲ್ಲ. ತಿಂಗಳು ತಿಂಗಳು ಅನ್ನೋದು ನಮ್ಮಂಥವರಿಗಲ್ಲ.

ಕೊನೆಗೆ ಉಳಿದದ್ದು ಅಪ್ಪನದೇ ಥರದ ಗ್ಲೂಕೋಮೀಟರ್. ಕಿವಿ ಚುಚ್ಚಬೇಕು ಅಂದಾಗ ನನ್ನ ಕೈ ನಡುಗಿತ್ತು, ಈಗ ಅದೇ ಸಲೀಸು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒಂದು ನಿಮಿಷ ಒತ್ತಿ ಹಿಡೀತೀನಿ. ಕಿವಿಯನ್ನು ಕಿಟಕಿ ಬೆಳಕಿಗೆ ಒಡ್ಡಿದರೆ ಅಂಚಿನಲ್ಲೇ ತೆಳ್ಳಗೆ ಒಂದು ರಕ್ತನಾಳ ಕಾಣುತ್ತದೆ. ಅದರ ಪಕ್ಕಕ್ಕೆ ಚೂರು ವ್ಯಾಸಲೀನ್ ಸವರಿದರೆ ರಕ್ತ ಕೂದಲಿಗೆ ಹರಡದೆ ಗುಂಡಗೆ ನಿಲ್ಲುತ್ತದೆ. ಹಿಂದೆ ಹತ್ತಿ ಕೊಟ್ಟು ಚುಚ್ಚಿದರೆ ಆಯಿತು. ಸಾಸಿವೆ ಗಾತ್ರದ ಹನಿ ಸಾಕು, ಆಮೇಲೆ ಒಂದು ತುಂಡು ಬೇಯಿಸಿದ ಕೋಳಿ. ಈಗ ಮೀಟರಿನ ಡಬ್ಬಿ ಸದ್ದಾದರೆ ಅವನೇ ಬಂದು ಕೂರುತ್ತಾನೆ.

ಇದರ ಕೊರತೆಯೂ ಗೊತ್ತಿರಲಿ. ಮನುಷ್ಯರ ರಕ್ತದಲ್ಲಿ ಸಕ್ಕರೆಯ ನೂರಕ್ಕೆ ಸುಮಾರು 58 ಪಾಲು ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ನೀರಿನ ಭಾಗದಲ್ಲಿ, ಉಳಿದದ್ದು ಕೆಂಪು ಕಣದಲ್ಲಿ. ಬೆಕ್ಕಿನಲ್ಲಿ ಪ್ಲಾಸ್ಮಾದಲ್ಲೇ 93 ಪಾಲು. ಮನುಷ್ಯರ ಲೆಕ್ಕಕ್ಕೆ ಮಾಡಿದ ಮೀಟರು ಬೆಕ್ಕಿನದನ್ನು ಸಾಮಾನ್ಯವಾಗಿ ಕಡಿಮೆ ತೋರಿಸುತ್ತದೆ. ಪ್ರಾಣಿಗಳಿಗೇ ಅಂತ ಮಾಡಿದ ಮೀಟರುಗಳಿವೆ, ಆದರೆ ನಮ್ಮ ಬೀದಿಯ ಮೆಡಿಕಲ್ ಶಾಪಿನಲ್ಲಿ ಯಾವತ್ತೂ ಸಿಗೋದು ಅಪ್ಪನ ಮೀಟರಿನ ಸ್ಟ್ರಿಪ್. ಒಂದೇ ಮೀಟರಿನಲ್ಲಿ ದಿನಾ ನೋಡಿ ಬರೆದಿಟ್ಟರೆ ಏರಿಳಿತ ಗೊತ್ತಾಗುತ್ತದೆ, ಯಾವ ಮೀಟರು ಅನ್ನೋದನ್ನ ಡಾಕ್ಟರಿಗೆ ಹೇಳಿಬಿಟ್ಟರೆ ಅವರು ಅದಕ್ಕೆ ತಕ್ಕ ಹಾಗೆ ಓದಿಕೊಳ್ತಾರೆ.

ಇನ್ನು ಸಿರಿಂಜೋ ಪೆನ್ನೋ. ಪೆನ್ನು ನೋಡೋದಕ್ಕೆ ಚೆಂದ, ಅಪ್ಪನ ಗೆಳೆಯರೆಲ್ಲ ಹೊಗಳುತ್ತಾರೆ. ಆದರೆ ಪೆನ್ನಲ್ಲಿ ಒತ್ತಿದ ಮೇಲೆ ಆರೇಳು ಸೆಕೆಂಡಾದರೂ ಸೂಜಿ ಒಳಗೇ ಇರಬೇಕು, ಕೆಂಚ ಅಷ್ಟು ಹೊತ್ತು ಯಾರ ಮಾತೂ ಕೇಳಲ್ಲ. ಪ್ರತಿ ಸಲ ಎರಡು ಯೂನಿಟ್ ಗಾಳಿಗೆ ಬಿಟ್ಟು ನೋಡಬೇಕು, ಅವನಿಗೆ ಹೋಗೋದೇ ಒಂದೋ ಒಂದೂವರೆಯೋ ಯೂನಿಟ್. ಸಾಮಾನ್ಯ ಪೆನ್ನಿನಲ್ಲಿ ಅರ್ಧ ಯೂನಿಟ್ ಇರೋದೂ ಇಲ್ಲ. ಅರ್ಧರ್ಧ ಗೆರೆ ಇರುವ ಸಣ್ಣ ಸಿರಿಂಜಿನಲ್ಲಿ ಇದಾವ ತಾಪತ್ರಯವೂ ಇಲ್ಲ. ಅವನು ತಟ್ಟೆಗೆ ಬಾಯಿ ಹಾಕಿದಾಗ ಪಕ್ಕೆಯ ಚರ್ಮ ಎತ್ತಿ ಹಿಡಿದು ಚುಚ್ಚಿದರೆ ತಲೆ ಎತ್ತಿಯೂ ನೋಡಲ್ಲ. ಸಿರಿಂಜಿಗೇ ನನ್ನ ಓಟು.

ಒಂದು ಎಚ್ಚರಿಕೆ ಮಾತ್ರ ಬೇಕು. ಅಪ್ಪನ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಕೆಂಚನದು ಗ್ಲಾರ್ಜಿನ್ ಅನ್ನೋ ಇನ್ಸುಲಿನ್, 100 ಯೂನಿಟಿನದು, ಕಿತ್ತಳೆ ಮುಚ್ಚಳ. ಕೆಂಪಿನಲ್ಲಿ ಕೆಂಚನದು ಒಂದು ಗೆರೆ ಎಳೆದರೆ ಹೋಗೋದು ಎರಡೂವರೆ ಯೂನಿಟ್! ಹಾಗಾಗಿ ಫ್ರಿಜ್ಜಿನಲ್ಲಿ ಅಪ್ಪನದು ಬಾಗಿಲಲ್ಲಿ, ಕೆಂಚನದು ಒಳಗೆ ಸ್ಟೀಲ್ ಡಬ್ಬಿಯಲ್ಲಿ, ಸಿರಿಂಜಿನ ಸಮೇತ. ಗ್ಲಾರ್ಜಿನ್ ಕೊಳ್ಳುವಾಗ ಹತ್ತು ಎಂಎಲ್ ಬಾಟಲಿಗಿಂತ ಪೆನ್ನಿಗೆ ಹಾಕುವ ಮೂರು ಎಂಎಲ್ ಕಾರ್ಟ್ರಿಜ್ ಮೇಲು. ತೆರೆದ ಮೇಲೆ 28 ದಿನ ಅಂತ ಬರೆದಿರುತ್ತದೆ, ಸಾವಿರ ಯೂನಿಟ್ ಬಾಟಲಿ ತಂದರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಚೆಲ್ಲೋದೇ. ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯೋದನ್ನ ನನಗೆ ಡಾಕ್ಟರೇ ತೋರಿಸಿಕೊಟ್ಟರು, ನೀವೂ ಕೇಳಿಯೇ ಮಾಡಿ.

ಊಟದಲ್ಲಿ ಪೈಪೋಟಿಯೇ ಇಲ್ಲ. ಅಂಗಡಿಯಲ್ಲಿ ಸಿಗುವ ಬೆಕ್ಕಿನ ಒಣ ಕಾಳಿನಲ್ಲಿ ಹಿಟ್ಟಿನಂಶ ಜಾಸ್ತಿ, ಹಸಿ ಪೌಚಿನಲ್ಲಿ ಕಡಿಮೆ, ಹಾಗಾಗಿ ಪೌಚೇ ಮೇಲು. ಬರೀ ಬೇಯಿಸಿದ ಕೋಳಿ ಹಾಕಿದರೆ ಬೆಕ್ಕಿಗೆ ಬೇಕೇಬೇಕಾದ ಟೌರಿನ್ ಅನ್ನೋ ಪೋಷಕಾಂಶ, ಕ್ಯಾಲ್ಸಿಯಂ ಸಾಲಲ್ಲ. ಅಮ್ಮ ಮೊದಲಿಂದ ಹಾಕುತ್ತಿದ್ದ ಹಾಲನ್ನ ಪೂರ್ತಿ ಬಂದ್. ಆದರೆ ಇನ್ಸುಲಿನ್ ನಡೆಯುವಾಗ ಡಾಕ್ಟರಿಗೆ ಹೇಳದೆ ಕಾಳಿನಿಂದ ಪೌಚಿಗೆ ಬದಲಾಯಿಸಬೇಡಿ, ಹಳೇ ಡೋಸು ಹೆಚ್ಚಾಗಿ ಸಕ್ಕರೆ ದಬಕ್ಕನೆ ಬೀಳುತ್ತದೆ. ತೂರಾಡಿದರೆ, ನಡುಗಿದರೆ ವಸಡಿಗೆ ಗ್ಲೂಕೋಸ್ ನೀರೋ ಜೇನೋ ಸವರಿ ಡಾಕ್ಟರ ಹತ್ತಿರ ಓಡಬೇಕು.

ಇಂಜೆಕ್ಷನ್ ಹನ್ನೆರಡು ಗಂಟೆಗೊಮ್ಮೆ ಅನ್ನೋದನ್ನ ಆರು–ಆರು ಮಾಡಿ ನೋಡಿದೆ. ಸಂಜೆ ಆರಕ್ಕೆ ನಾನು ಅಂಗಡಿಯಲ್ಲಿ, ಅಪ್ಪನಿಗೆ ಸಿರಿಂಜಿನ ಗೆರೆ ಕಾಣಲ್ಲ. ಒಂಬತ್ತು–ಒಂಬತ್ತು ನಮಗೆ ಒಗ್ಗಿತು. ರಿಸೆಪ್ಷನ್ನಿಗೆ ಹೋಗಿ ಉಂಡು ಬರಬಹುದು. ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗೋದಾದರೆ ಮಾತ್ರ ಪಕ್ಕದ ಮನೆ ಆಂಟಿಯ ಕಾಲು ಹಿಡೀಬೇಕು. ಒಮ್ಮೆ ದುಡ್ಡು ಕೊಟ್ಟು ಬೋರ್ಡಿಂಗಿನಲ್ಲೂ ಬಿಟ್ಟಿದ್ದೆ. ನಾಯಿಗಳ ಸದ್ದಿಗೆ ಅವನು ತಿನ್ನಲೇ ಇಲ್ಲ, ತಿನ್ನದಿದ್ದರೆ ಇಂಜೆಕ್ಷನ್ ಕೊಡೋ ಹಾಗೂ ಇಲ್ಲ. ಆಂಟಿಯೇ ವಾಸಿ. "ನೀನು ಹೋಗಿ ಬಾರಮ್ಮ, ಅದು ನನ್ನ ಕಚ್ಚಿದ್ರೆ ಮಾತ್ರ ನಿನಗೆ ಐತೆ" ಅಂತಾರೆ. ಕೊಟ್ಟ ಕೂಡಲೇ ಕ್ಯಾಲೆಂಡರಿನ ಮನೆಯಲ್ಲಿ ಟಿಕ್, ಕೊಟ್ಟೆನೋ ಇಲ್ಲವೋ ಅಂತ ಅನುಮಾನ ಬಂದರೆ ಆ ಹೊತ್ತು ಬಿಟ್ಟೇಬಿಡೋದು, ಎರಡನೇ ಸಲ ಕೊಡಕೂಡದು.

ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ಜಾತ್ರೆ ಬಂದಾಗ ಈ ವ್ಯವಸ್ಥೆಯೂ ಕೆಲಸಕ್ಕೆ ಬರಲ್ಲ, ಯಾಕೆಂದರೆ ಆಂಟಿ ಮನೆ ತುಂಬಾ ನೆಂಟರು, ನಮ್ಮ ಮನೆ ತುಂಬಾ ನೆಂಟರು. ಎಂಟೂವರೆಗೇ ಅವನನ್ನು ಮಹಡಿ ಕೋಣೆಗೆ ಹಾಕಿ ಚಿಲಕ ಹಾಕ್ತೀನಿ, ಇಲ್ಲದಿದ್ದರೆ ಒಂಬತ್ತಕ್ಕೆ ಸಿಗಲ್ಲ. ಮಾಂಸದ ತುಂಡು ಬೇಕಾದರೆ ಹಾಕ್ರಪ್ಪ, ಖಾರ ತೊಳೆದು ಹಾಕಿ, ಹೋಳಿಗೆ ಮಾತ್ರ ಕೊಡಬೇಡಿ ಅಂತ ಬಾಗಿಲಿಗೇ ಚೀಟಿ ಅಂಟಿಸಿದ್ದೇನೆ. ಅದನ್ನು ಓದಿದ ನೆಂಟರು ಅಪ್ಪನಿಗೆ ಹೇಳಿದ್ದು ಅಂದುಕೊಳ್ತಾರೆ.