ನೌಕ್ರಿ, ಲಿಂಕ್ಡ್‌ಇನ್, ಕನ್ಸಲ್ಟೆನ್ಸಿ, ಪರಿಚಯದವರು: ಐದು ತಿಂಗಳು ನಾಲ್ಕೂ ಕಡೆ ಕೆಲಸ ಹುಡುಕಿದ ಲೆಕ್ಕ

ನಾನು ಅಕೌಂಟ್ಸ್ ಕೆಲಸದವಳು. ತಿಪಟೂರಿನಲ್ಲಿ ಬಿಕಾಂ ಮುಗಿಸಿ 2017ರಲ್ಲಿ ತುಮಕೂರಿನ ಒಬ್ಬ ಆಡಿಟರ್ ಆಫೀಸಿಗೆ ಸೇರಿದೆ. ಆ ವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಇಪ್ಪತ್ತು ವರ್ಷ ಸರ್ವೀಸ್ ಆದವರಿಗೂ ಅದು ಹೊಸದೇ, ನನಗೂ ಹೊಸದೇ. ಹಾಗಾಗಿ ಎಲ್ಲರ ಜೊತೆ ಕೂತು ಕಲಿತೆ. 2019ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಗೆ ಬಂದೆ. ಅಲ್ಲಿ ಅಕೌಂಟ್ಸ್ ಡಿಪಾರ್ಟ್‌ಮೆಂಟ್ ಅಂದರೆ ನಾನು, ಒಂದು ಕಂಪ್ಯೂಟರ್, ಒಂದು ಬೀರು.

2024ರ ಜನವರಿಯಲ್ಲಿ ನನ್ನ ಕೈಗೆ ಬರುತ್ತಿದ್ದ ಸಂಬಳ 28,000. ಹಿಂದಿನ ವರ್ಷ ಜಾಸ್ತಿ ಮಾಡಿದ್ದು 1,500. ಮಗಳ ಎಲ್‌ಕೆಜಿ ಫೀಸು ಅದಕ್ಕಿಂತ ಜೋರಾಗಿ ಏರಿತ್ತು. ಕೆಲಸ ಬದಲಾಯಿಸೋಣ ಅಂತ ಹೊರಟೆ. ಎಲ್ಲಿ ಹುಡುಕಬೇಕು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ನೌಕ್ರಿ ವೆಬ್‌ಸೈಟ್, ಲಿಂಕ್ಡ್‌ಇನ್, ಕೆಲಸ ಕೊಡಿಸುವ ಕನ್ಸಲ್ಟೆನ್ಸಿ, ಪರಿಚಯದವರು. ಸರಿ, ನಾಲ್ಕೂ ಕಡೆ ನೋಡಿಬಿಡೋಣ ಅಂದುಕೊಂಡು ಒಂದು ಎಕ್ಸೆಲ್ ಶೀಟು ತೆರೆದೆ. ದಿನಾಂಕ, ಎಲ್ಲಿಂದ ಕರೆ ಬಂತು, ಏನು ಕೇಳಿದರು, ಏನಾಯಿತು. ಅಕೌಂಟೆಂಟ್ ಬುದ್ಧಿ, ಬಿಡಬೇಕಲ್ಲ.

ಮೊದಲು ಒಟ್ಟು ಲೆಕ್ಕ ಕೊಟ್ಟುಬಿಡುತ್ತೇನೆ. ನೌಕ್ರಿಯಿಂದ 43 ಕರೆ, 7 ಇಂಟರ್‌ವ್ಯೂ, 1 ಆಫರ್. ಲಿಂಕ್ಡ್‌ಇನ್‌ನಲ್ಲಿ 38 ಅರ್ಜಿ, 2 ಉತ್ತರ, ಆಫರ್ ಸೊನ್ನೆ. ಕನ್ಸಲ್ಟೆನ್ಸಿಯಿಂದ 9 ಕರೆ, 4 ಇಂಟರ್‌ವ್ಯೂ, 1 ಆಫರ್. ಪರಿಚಯದವರ ಕಡೆಯಿಂದ 3 ಕರೆ, 2 ಇಂಟರ್‌ವ್ಯೂ, 1 ಆಫರ್. ಇಷ್ಟನ್ನೇ ನೋಡಿದರೆ ಲಿಂಕ್ಡ್‌ಇನ್ ದಂಡ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು.

ನೌಕ್ರಿ

ನೌಕ್ರಿ ಡಾಟ್ ಕಾಮ್ 1997ರಿಂದ ಇದೆ. ಕಾರ್ಖಾನೆ, ಟ್ರೇಡಿಂಗ್, ಆಸ್ಪತ್ರೆ, ಸ್ಕೂಲು, ಹೀಗೆ ಐಟಿ ಅಲ್ಲದ ಕಡೆಯ ಎಚ್‌ಆರ್‌ಗಳೂ ಅಲ್ಲಿ ಹುಡುಕುತ್ತಾರೆ. ನನ್ನಂಥವರಿಗೆ ಅದೇ ಅದರ ದೊಡ್ಡ ಗುಣ.

ಶುರುವಿನ ಮೂರು ವಾರ ಒಂದೂ ಕರೆ ಬರಲಿಲ್ಲ. ತಪ್ಪು ನನ್ನದೇ. ಹೆಡ್‌ಲೈನ್‌ನಲ್ಲಿ "ಸವಾಲಿನ ಹುದ್ದೆ ಹುಡುಕುತ್ತಿರುವ ಪರಿಶ್ರಮಿ ಅಕೌಂಟ್ಸ್ ವೃತ್ತಿಪರೆ" ಅನ್ನೋ ಅರ್ಥದ ಇಂಗ್ಲಿಷ್ ಸಾಲು ಬರೆದಿದ್ದೆ. ಆ ಸಾಲು ಯಾರು ಬೇಕಾದರೂ ಹಾಕಿಕೊಳ್ಳಬಹುದು ಅಲ್ವಾ? ಆ ಕಡೆ ಕೂತ ಎಚ್‌ಆರ್ ಪರಿಶ್ರಮಿ ಅಂತ ಹುಡುಕುವುದಿಲ್ಲ. ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್), ಜಿಎಸ್‌ಟಿ, ಟಿಡಿಎಸ್, ಪೀಣ್ಯ, ಇಷ್ಟು ವರ್ಷ ಅನುಭವ ಅಂತ ಹುಡುಕುತ್ತಾರೆ. ಹಾಗಾಗಿ ಅದನ್ನು ಅಳಿಸಿ ಬರೆದೆ: ಅಕೌಂಟ್ಸ್ ಎಕ್ಸಿಕ್ಯುಟಿವ್, ಆರೂವರೆ ವರ್ಷ, ಟ್ಯಾಲಿ ಪ್ರೈಮ್, ಜಿಎಸ್‌ಟಿಆರ್-1, 3ಬಿ, 2ಬಿ ತಾಳೆ ನೋಡುವುದು, ಟಿಡಿಎಸ್, ಇ-ವೇ ಬಿಲ್, ಕಾರ್ಖಾನೆ ಅನುಭವ. ಜಿಎಸ್‌ಟಿಆರ್-1, 3ಬಿ ಅಂದರೆ ಜಿಎಸ್‌ಟಿ ರಿಟರ್ನ್‌ಗಳು, 2ಬಿ ಅಂದರೆ ಸಪ್ಲೈಯರ್‌ಗಳು ತೋರಿಸಿದ ನಮ್ಮ ಖರೀದಿಯ ಪಟ್ಟಿ. ಅದೇ ವಾರ ನಾಲ್ಕು ಕರೆ.

ಇನ್ನೊಂದು ವಿಷಯ. ಇತ್ತೀಚೆಗೆ ಲಾಗಿನ್ ಆದವರನ್ನು ಮಾತ್ರ ತೋರಿಸು ಅಂತ ಎಚ್‌ಆರ್‌ಗಳು ಫಿಲ್ಟರ್ ಹಾಕಬಹುದು. ಪ್ರೊಫೈಲ್ ಹಾಕಿ ತಿಂಗಳುಗಟ್ಟಲೆ ಸುಮ್ನೆ ಇದ್ದರೆ ಕೆಳಗೆ ಹೋಗುತ್ತೀರಿ. ಬೆಳಗ್ಗೆ ಮೆಟ್ರೋದಲ್ಲಿ ನಿಂತಾಗ ಏನಾದರೂ ಒಂದು ಸಣ್ಣ ಬದಲಾವಣೆ ಮಾಡಿ ಸೇವ್ ಮಾಡುತ್ತಿದ್ದೆ. ಒಂದು ಪೂರ್ಣವಿರಾಮ ಹಾಕುವುದು, ಮಾರನೇ ದಿನ ತೆಗೆಯುವುದು. ನಗು ಬರುತ್ತದೆ, ಆದರೆ ನಾನು ಹಾಗೆ ಮಾಡಿದ ವಾರಗಳಲ್ಲಿ ಕರೆ ಜಾಸ್ತಿ ಬಂದವು ಅಂತ ಶೀಟು ಹೇಳುತ್ತದೆ. ಈಗಿರುವ ಕಂಪನಿಗೆ ನಮ್ಮ ಪ್ರೊಫೈಲ್ ಕಾಣದಂತೆ ಬ್ಲಾಕ್ ಮಾಡುವ ಸೌಲಭ್ಯವೂ ಇದೆ. ಮೊದಲು ಅದನ್ನು ಮಾಡಿ, ಆಮೇಲೆ ಉಳಿದದ್ದು.

ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ) ಕಾಲಂ ನನ್ನನ್ನು ಚೆನ್ನಾಗಿ ಆಟ ಆಡಿಸಿತು. ಎರಡು ತಿಂಗಳು ಅಂತ ಹಾಕಿದ್ದೆ. ಕರೆ ಮಾಡಿದವರು ಅದನ್ನು ಕೇಳಿದ ತಕ್ಷಣ "ನಮಗೆ ಬೇಗ ಸೇರೋರು ಬೇಕು ಮೇಡಂ" ಅಂತ ಫೋನ್ ಇಡುತ್ತಿದ್ದರು. ಒಂದು ಭಾನುವಾರ ಬೀರುವಿನಲ್ಲಿದ್ದ ಅಪಾಯಿಂಟ್‌ಮೆಂಟ್ ಲೆಟರ್ ತೆಗೆದು ನೋಡಿದರೆ 30 ದಿನ ಅಂತ ಇದೆ! ಎರಡು ತಿಂಗಳು ಅಂತ ಯಾರೋ ಯಾವಾಗಲೋ ಹೇಳಿದ್ದನ್ನು ನಂಬಿಕೊಂಡು ಐದು ವರ್ಷ ಕಳೆದಿದ್ದೆ. ಊರಿನವರ ಲೆಕ್ಕವನ್ನೆಲ್ಲ ತಾಳೆ ನೋಡುವವಳು ನನ್ನ ಕಾಗದವನ್ನೇ ನೋಡಿರಲಿಲ್ಲ.

43 ಕರೆಗಳಲ್ಲಿ ಹತ್ತಿರಹತ್ತಿರ 20 ಬೇರೆ ಏನೋ. ಇನ್ಶೂರೆನ್ಸ್ ಮಾರುವ ಕೆಲಸ, ಲೋನ್ ಮಾರುವ ಕೆಲಸ. ಅಕೌಂಟ್ಸ್ ಅಂದರೆ ಹಣದ ವಿಷಯ ತಾನೇ ಅಂತ ಅವರ ಲೆಕ್ಕ ಇರಬೇಕು.

ಕೊನೆಗೆ ಬಂದ ಆಫರ್ 34,000. ನಾನು ಎಷ್ಟು ಬೇಕು ಅಂತ ಬರೆದಿದ್ದೆನೋ ಅಷ್ಟೇ. ಈ ದಾರಿಯ ಒಂದು ತೊಂದರೆ ಇದು. ಈಗಿನ ಸಂಬಳ, ಬೇಕಾದ ಸಂಬಳ ಎರಡನ್ನೂ ಮೊದಲೇ ಬರೆದಿಟ್ಟಿರುತ್ತೇವೆ. ಚೌಕಾಸಿಗೆ ಮೊದಲೇ ಬೆಲೆ ಚೀಟಿ ಅಂಟಿಸಿಕೊಂಡು ಕೂತ ಹಾಗೆ.

ಲಿಂಕ್ಡ್‌ಇನ್

38 ಅರ್ಜಿ ಹಾಕಿದೆ ಅಂದೆನಲ್ಲ, ಅದರಲ್ಲಿ 30 ಒಂದೇ ಬಟನ್ ಒತ್ತಿ ಹಾಕಿದ್ದು. ನನಗೆ ಒಂದು ಬಟನ್ ಅಂದರೆ ಇನ್ನೊಬ್ಬರಿಗೂ ಒಂದೇ ಬಟನ್. ಉತ್ತರ ಬರಲಿಲ್ಲ ಅಂತ ಯಾರನ್ನೂ ದೂರುವ ಹಾಗಿಲ್ಲ. ಪೀಣ್ಯದ ಮಧ್ಯಮ ಕಾರ್ಖಾನೆಗಳ ಮಾಲೀಕರೂ ಅಲ್ಲಿ ಜಾಸ್ತಿ ಓಡಾಡುವುದಿಲ್ಲ.

ಕೆಲಸ ಹುಡುಕುತ್ತಿದ್ದೇನೆ ಅಂತ ತೋರಿಸುವ ಹಸಿರು ಚೌಕಟ್ಟನ್ನು ಫೋಟೋ ಸುತ್ತ ಹಾಕಿಕೊಳ್ಳಲೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಅದು ಎಲ್ಲರಿಗೂ ಕಾಣುತ್ತದೆ, ನಮ್ಮ ಸಾರ್‌ಗೂ. ರಿಕ್ರೂಟರ್‌ಗಳಿಗೆ ಮಾತ್ರ ಕಾಣುವ ಆಯ್ಕೆ ಇದೆ, ಅದನ್ನೇ ಇಟ್ಟೆ.

ಆಮೇಲೆ ನಾದಿನಿ ಮಾತು ಕೇಳಿ ಪೋಸ್ಟ್ ಬರೆಯಲು ಹೊರಟೆ. ಮೊದಲನೆಯದು ಭಾರೀ ಇಂಗ್ಲಿಷ್‌ನಲ್ಲಿ, ನಾಯಕತ್ವ ಅದೂ ಇದೂ ಅಂತ. ನಾಲ್ಕು ಲೈಕ್. ಅದರಲ್ಲಿ ಒಂದು ನನ್ನ ತಮ್ಮನದು. ಎರಡನೆಯದನ್ನು ನನಗೆ ಗೊತ್ತಿದ್ದ ವಿಷಯದ ಮೇಲೆ ಬರೆದೆ. 2022ರ ಜನವರಿಯಿಂದ ನಮ್ಮ ಖರೀದಿ ಬಿಲ್ಲು 2ಬಿಯಲ್ಲಿ ಕಾಣದಿದ್ದರೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದದ್ದರಲ್ಲಿ ಕಳೆಯುವುದು) ತೆಗೆದುಕೊಳ್ಳುವಂತಿಲ್ಲ. ಸಪ್ಲೈಯರ್ ಅವನ ಜಿಎಸ್‌ಟಿಆರ್-1 ಹಾಕದಿದ್ದರೆ ನಮ್ಮ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆ ಬಾಕಿ ಇಟ್ಟಿದ್ದ 11 ಸಪ್ಲೈಯರ್‌ಗಳ ಹಿಂದೆ ಹೇಗೆ ಬಿದ್ದೆ, ಯಾರಿಗೆ ಪೇಮೆಂಟ್ ತಡೆಹಿಡಿದೆ, ಯಾರಿಗೆ ಬರೀ ಒಂದು ಫೋನು ಸಾಕಾಯಿತು ಅಂತ ಹದಿನೈದು ಸಾಲು. ಹುಬ್ಬಳ್ಳಿಯ ಒಬ್ಬ ಸಿಎ ಕಾಮೆಂಟ್ ಹಾಕಿದರು. ಅಷ್ಟೇ, ಕೆಲಸವೇನೂ ಬರಲಿಲ್ಲ.

ಆದರೆ ಮೇ ತಿಂಗಳಲ್ಲಿ ಯಶವಂತಪುರದ ಒಂದು ಇಂಟರ್‌ವ್ಯೂನಲ್ಲಿ ಕೂತಿದ್ದಾಗ ಫೈನಾನ್ಸ್ ನೋಡುವವರು ಲ್ಯಾಪ್‌ಟಾಪ್ ತಿರುಗಿಸಿ ಕೇಳಿದರು, "ಈ 11 ಜನರಲ್ಲಿ ಕೊನೆಗೂ ರಿಟರ್ನ್ ಹಾಕದೇ ಇದ್ದವರು ಎಷ್ಟು?" ನನ್ನ ಹೆಸರು ಹುಡುಕಿದಾಗ ಅವರಿಗೆ ಸಿಕ್ಕಿದ್ದು ಆ ಪೋಸ್ಟು. ಇಬ್ಬರು ಅಂದೆ. ಆಮೇಲೆ ಅರ್ಧ ಗಂಟೆ ಅದೇ ಮಾತು. ಎಕ್ಸೆಲ್‌ನಲ್ಲಿ ಇದನ್ನು ಯಾವ ಕಾಲಂಗೆ ಹಾಕಲಿ ಅಂತ ಗೊತ್ತಾಗಲಿಲ್ಲ.

ಕನ್ಸಲ್ಟೆನ್ಸಿ

ಎರಡು ಕಡೆ ಹೋದೆ. ಮೊದಲನೆಯವರು ಕೂರಿಸಿ, ನೀರು ಕೊಟ್ಟು, ರಿಜಿಸ್ಟ್ರೇಷನ್ 2,500 ಅಂದರು. ಎದ್ದು ಬಂದೆ. ಸರಿಯಾದ ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ. ಸಾಮಾನ್ಯವಾಗಿ ವರ್ಷದ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು. ನಮ್ಮ ಕೈಯಿಂದ ಕೇಳಿದರು ಅಂದರೆ ಅವರ ಕಸುಬು ಬೇರೆ.

ಎರಡನೆಯ ಕಡೆಯವರು ಒಂದು ಪೈಸೆ ಕೇಳಲಿಲ್ಲ. ಆದರೆ ನನ್ನನ್ನು ಕೇಳದೆ ರೆಸ್ಯೂಮೆಗೆ "ಎಸ್‌ಎಪಿ" ಅಂತ ಸೇರಿಸಿ ಕಳಿಸಿದ್ದರು. ದೊಡ್ಡ ಕಂಪನಿಗಳು ಬಳಸುವ ಸಾಫ್ಟ್‌ವೇರ್ ಅದು, ನನಗೆ ಬರುವುದಿಲ್ಲ. ಇಂಟರ್‌ವ್ಯೂನಲ್ಲಿ "ಎಫ್‌ಬಿ 60 ಯಾವುದಕ್ಕೆ ಬಳಸ್ತೀರಿ?" ಅಂತ ಕೇಳಿದರು. ಸಪ್ಲೈಯರ್ ಬಿಲ್ಲು ಹಾಕುವ ಕೋಡ್ ಅದು ಅಂತ ಈಗ ಗೊತ್ತು. ಆವತ್ತು ಮುಖ ಕೆಂಪಾಗಿದ್ದೊಂದೇ ಉತ್ತರ. ಅವತ್ತಿನಿಂದ ಯಾರಿಗೇ ಆಗಲಿ ರೆಸ್ಯೂಮೆಯನ್ನು ಪಿಡಿಎಫ್‌ನಲ್ಲೇ ಕೊಡುತ್ತೇನೆ, ಇಂಟರ್‌ವ್ಯೂಗೆ ಹೋದಾಗ ನನ್ನ ಪ್ರತಿಯನ್ನು ಮೇಜಿನ ಮೇಲೆ ಇಡುತ್ತೇನೆ.

ಇಷ್ಟಾದರೂ ಅವರಿಂದ ಸಿಕ್ಕಿದ ಒಂದು ಮಾತು ಉಳಿದ ಮೂರೂ ಕಡೆ ಸಿಗಲಿಲ್ಲ. ಅಲ್ಲಿನ ಒಬ್ಬ ಹೆಂಗಸು ಹೇಳಿದರು, "ಮೇಡಂ, ನೀವು ಕಡಿಮೆ ಕೇಳ್ತಿದ್ದೀರ. ಒಬ್ಬರೇ ಕೂತು ಪೂರ್ತಿ ಜಿಎಸ್‌ಟಿ ಮಾಡೋರಿಗೆ ಈ ಕಡೆ ಕಂಪನಿಗಳು 35ರ ಮೇಲೇ ಬಜೆಟ್ ಇಟ್ಟಿರ್ತಾರೆ." ನಮ್ಮ ಸಂಬಳ ಜಾಸ್ತಿ ಆದರೆ ಅವರ ಕಮಿಷನ್ನೂ ಜಾಸ್ತಿ, ಅದು ಗೊತ್ತಿರಲಿ. ಆದರೂ ಆ ಒಂದು ಸಂಖ್ಯೆ ನನಗೆ ಬೇಕಾಗಿತ್ತು. ಅವರು ತಂದ ಆಫರ್ 38,000, ಬಂದ ಮೂರರಲ್ಲೇ ದೊಡ್ಡದು. ಜಾಗ ಬೊಮ್ಮಸಂದ್ರ. ನಮ್ಮ ಮನೆ ದಾಸರಹಳ್ಳಿ. ಆಗ ಹಳದಿ ಮಾರ್ಗದ ಮೆಟ್ರೋ ಇನ್ನೂ ಓಡುತ್ತಿರಲಿಲ್ಲ. ಹೋಗೋಕೆ ಎರಡು ಗಂಟೆ, ಬರೋಕೆ ಎರಡು ಗಂಟೆ. ಮಗಳು ಮಲಗಿದ ಮೇಲೆ ಮನೆ ಸೇರಬೇಕು. ಬೇಡ ಅಂದೆ.

ನಡುವೆ ಒಂದು ಉದ್ಯೋಗ ಮೇಳಕ್ಕೂ ಹೋಗಿದ್ದೆ. ಹೊಸದಾಗಿ ಓದು ಮುಗಿಸಿದವರ ಸಾಲು ಅದು. ಒಂದು ಗಂಟೆ ನಿಂತು ವಾಪಸ್ ಬಂದೆ.

ಪರಿಚಯದವರು

ಇದಕ್ಕೆ ನನಗೆ ಎಲ್ಲಕ್ಕಿಂತ ನಾಚಿಕೆ ಇತ್ತು. ಬಾಯಿದ್ದವನು ಬರದಲ್ಲೂ ಬದುಕಿದ ಅಂತಾರೆ. ನಮ್ಮ ಮನೆಯಲ್ಲಿ ಆ ಬಾಯಿ ಇರುವುದು ನಮ್ಮ ಮನೆಯವರಿಗೆ, ನನಗಲ್ಲ.

ಮೊದಲು 15 ಜನಕ್ಕೆ ಒಂದೇ ಮೆಸೇಜ್ ಕಳಿಸಿದೆ: "ಎಲ್ಲಾದ್ರೂ ಅಕೌಂಟ್ಸ್ ಕೆಲಸ ಇದ್ರೆ ಹೇಳಿ." ಹದಿನೈದೂ ಜನ "ಖಂಡಿತ ಹೇಳ್ತೀನಿ" ಅಂದರು. ಒಬ್ಬರೂ ಹೇಳಲಿಲ್ಲ. ಅವರದೇನು ತಪ್ಪು? ಎಲ್ಲಿ, ಎಂಥದ್ದು, ಎಷ್ಟಕ್ಕೆ ಅಂತ ನಾನೇ ಹೇಳದಿದ್ದರೆ ಅವರಾದರೂ ಯಾರ ಹತ್ತಿರ ಏನಂತ ಕೇಳಬೇಕು?

ಏಪ್ರಿಲ್‌ನಲ್ಲಿ ಮತ್ತೆ ಬರೆದೆ, ಈ ಸಲ ಮೂರೇ ಜನಕ್ಕೆ. ಟ್ಯಾಲಿ ಸರ್ವೀಸ್‌ಗೆ ಬರುವ ಹುಡುಗ, ತುಮಕೂರಿನ ಹಳೆ ಆಫೀಸಿನ ಅಕ್ಕ, ಹಿಂದೆ ನಮ್ಮ ಕಾರ್ಖಾನೆಗೆ ಆಡಿಟ್‌ಗೆ ಬರುತ್ತಿದ್ದ ಒಬ್ಬ ಹುಡುಗ. ಬರೆದದ್ದು ಇಷ್ಟು: ಯಶವಂತಪುರ, ರಾಜಾಜಿನಗರ, ಪೀಣ್ಯ ಕಡೆ. ತಯಾರಿಕಾ ಕಂಪನಿ. ತಿಂಗಳಿಗೆ 250 ಬಿಲ್ಲು, 60 ಸಪ್ಲೈಯರ್, ಜಿಎಸ್‌ಟಿ, ಟಿಡಿಎಸ್ ಪೂರ್ತಿ ನಾನೇ. 30 ದಿನದಲ್ಲಿ ಸೇರಬಹುದು. ಕೈಗೆ 36 ಬೇಕು.

ಒಂಬತ್ತನೇ ದಿನಕ್ಕೆ ಆಡಿಟ್ ಹುಡುಗ ಫೋನ್ ಮಾಡಿದ. ಆಡಿಟ್‌ಗೆ ಬರುವ ಹುಡುಗರು ವರ್ಷಕ್ಕೆ ಹತ್ತಾರು ಆಫೀಸು ನೋಡುತ್ತಾರೆ. ಎಲ್ಲಿ ಅಕೌಂಟೆಂಟ್ ಬಿಟ್ಟು ಹೋಗುತ್ತಿದ್ದಾರೆ ಅಂತ ಅವರಿಗೆ ಜಾಹೀರಾತಿಗಿಂತ ಮೊದಲು ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ವೋಚರ್ ಫೈಲು ಹೇಗಿರುತ್ತದೆ ಅಂತ ಅವರು ಕಣ್ಣಾರೆ ನೋಡಿರುತ್ತಾರೆ. "ಮೇಡಂ ಫೈಲಲ್ಲಿ ಕೇಳಿದ ಬಿಲ್ಲು ಎರಡು ನಿಮಿಷಕ್ಕೆ ಸಿಗುತ್ತೆ ಸಾರ್ ಅಂತ ಹೇಳಿದೀನಿ" ಅಂದ. ನಾನು ರೆಸ್ಯೂಮೆಯಲ್ಲಿ ಬರೆಯಲು ಹೊಳೆಯದ ಮಾತು ಅದು.

ಅಪಾಯ ಇಲ್ಲದೆ ಇರಲಿಲ್ಲ. ಅವನು ಆಗಲೇ ಸಿಎ ಮುಗಿಸಿ ಬೇರೆ ಕಡೆ ಇದ್ದ, ಅದಕ್ಕೇ ಕೇಳಿದೆ. ಈಗಲೂ ನಮ್ಮ ಆಡಿಟರ್ ಹತ್ತಿರವೇ ಇದ್ದಿದ್ದರೆ ಸುದ್ದಿ ಸಂಜೆಯೊಳಗೆ ಸಾರ್ ಮೇಜಿಗೆ ಹೋಗುತ್ತಿತ್ತು. ಇನ್ನೊಂದು ಕಷ್ಟ ದಾಕ್ಷಿಣ್ಯದ್ದು. ಆ ಕಂಪನಿಯವರು 32 ಅಂದಾಗ, ಪರಿಚಯದವರ ಮೂಲಕ ಬಂದು ಹೇಗೆ ಎಳೆದಾಡಲಿ ಅಂತ ಒಂದು ಗಳಿಗೆ ಸುಮ್ಮನಾದೆ. ಆಗ ಕನ್ಸಲ್ಟೆನ್ಸಿ ಹೆಂಗಸು ಹೇಳಿದ ಸಂಖ್ಯೆ ನೆನಪಾಯಿತು. ನೌಕ್ರಿಯ 34ರ ಆಫರ್ ಲೆಟರ್ ಕೈಯಲ್ಲಿತ್ತು. 36ಕ್ಕೆ ನಿಂತೆ, ಕೊಟ್ಟರು. ಲಿಂಕ್ಡ್‌ಇನ್ ಪೋಸ್ಟ್ ಓದಿದ್ದ ಯಶವಂತಪುರದ ಆಫೀಸು ಇದೇ.

ದಿನಾಂಕದ ಬಗ್ಗೆಯೂ ಹೇಳಬೇಕು, ಅಕೌಂಟ್ಸ್‌ನವರಿಗೆ ಇದು ಮುಖ್ಯ. 7ಕ್ಕೆ ಟಿಡಿಎಸ್, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ 3ಬಿ. ಇಂಟರ್‌ವ್ಯೂಗೆ ರಜಾ ಹಾಕಲು ಉಳಿಯುವುದು 21ರ ನಂತರ. "ನಾಳೆ ಬನ್ನಿ" ಅಂದವರಿಗೆ ನಾನು ನಿಜ ಹೇಳುತ್ತಿದ್ದೆ: "ರಿಟರ್ನ್ ಇದೆ, 22ಕ್ಕೆ ಬರ್ತೀನಿ." ಬೇಜಾರು ಮಾಡಿಕೊಂಡವರು ಇಬ್ಬರು. ಉಳಿದವರಿಗೆ ಅದೇ ಇಷ್ಟವಾಯಿತು. ಇನ್ನು, ಫೆಬ್ರವರಿಯಲ್ಲೇ ಯಾರಾದರೂ ಕರೆದಿದ್ದರೆ ಹೋಗುತ್ತಿರಲಿಲ್ಲ. ಏಪ್ರಿಲ್‌ಗೆ ಐದು ವರ್ಷ ತುಂಬುತ್ತಿತ್ತು, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಸಿಗುತ್ತಿತ್ತು. ಬೇಸಿಕ್ 16,000ಕ್ಕೆ 15 ದಿನದ ಲೆಕ್ಕ, 26ರಿಂದ ಭಾಗಿಸಿ, ಐದು ವರ್ಷಕ್ಕೆ 46,154 ರೂಪಾಯಿ. ಎರಡು ತಿಂಗಳು ಕಾಯಲು ಅಷ್ಟು ಸಾಕು.

ಮತ್ತೆ ಹುಡುಕುವ ಹಾಗಾದರೆ ಕನ್ಸಲ್ಟೆನ್ಸಿಯಲ್ಲಿ ಬೆಲೆ ತಿಳಿದುಕೊಂಡು, ನೌಕ್ರಿಯಲ್ಲಿ ಒಂದು ಆಫರ್ ಕೈಯಲ್ಲಿ ಹಿಡಿದು, ಪರಿಚಯದವರ ಹತ್ತಿರ ಹೋಗುತ್ತೇನೆ. ಲಿಂಕ್ಡ್‌ಇನ್‌ನಲ್ಲಿ ಅರ್ಜಿ ಹಾಕುವುದಿಲ್ಲ, ಎರಡು ತಿಂಗಳಿಗೊಂದು ಪೋಸ್ಟ್ ಬರೆಯುತ್ತೇನೆ.

ಈ ಲೆಕ್ಕವನ್ನು ನಾದಿನಿಗೆ ತೋರಿಸಿದೆ. ಅವಳು ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಾಳೆ. ನೋಡಿ ನಕ್ಕಳು. ಅವಳ ಹಿಂದಿನ ಎರಡೂ ಕೆಲಸ ಬಂದದ್ದು ಲಿಂಕ್ಡ್‌ಇನ್‌ನಿಂದಲೇ. ಅಲ್ಲಿ ಗೊತ್ತಿಲ್ಲದವರಿಗೂ ಮೆಸೇಜ್ ಹಾಕಿ ರೆಫರಲ್ ಕೇಳಿದರೆ ಕೊಡುತ್ತಾರಂತೆ, ಕೊಟ್ಟವರಿಗೆ ಕಂಪನಿ ಬೋನಸ್ಸೂ ಕೊಡುತ್ತದಂತೆ. "ಅತ್ತಿಗೆ, ನಿಮ್ಮ ಶೀಟನ್ನ ತಲೆಕೆಳಗೆ ಮಾಡಿದ್ರೆ ನನ್ನದು" ಅಂದಳು.